ನಿಕ್ಷೇಪದ ಬೆನ್ನು ಹತ್ತಿ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ಕನ್ನಡ ಪಂಡಿತನಾದ ನನ್ನಿಂದ ಅವರು ನಿರೀಕ್ಷಿಸಿದ್ದು ಷಟ್ಪದಿಯ ಲಕ್ಷಣವನ್ನೋ ವಚನಗಳ ಗದ್ಯಶೈಲಿಯನ್ನೋ ಕುರಿತ ಪ್ರಬಂಧವನ್ನು ಎಂಬುದು ನನಗೆ ತಿಳಿಯದ ಸಂಗತಿಯಲ್ಲ. ಆದರೆ ಈ ಸಲ ನಾನು ಬರೆಯಹೊರಟಿರುವುದು ಒಂದು ಆಟವನ್ನು ಕುರಿತು. ಅದೂ ಕಿಬ್ಬನಹಳ್ಳಿಯ ತೆಂಗಿನ ತೋಟಗಳಲ್ಲಿ ಹುಟ್ಟಿದ ಆಟವಲ್ಲ. ಅಮೆರಿಕದ ಕಾಡಿನಲ್ಲಿ ಹುಟ್ಟಿ, ನಮ್ಮ ಕೆರೆಯ ಏರಿಯವರೆಗೆ ನಡೆದು ಬಂದದ್ದು. ವಾಚಕ ಮಹಾಶಯರು ಸ್ವಲ್ಪ ಸೈರಣೆಯಿಂದ ಓದಬೇಕು.

ನನ್ನ ತಮ್ಮನು ಅಮೆರಿಕ ಸಂಯುಕ್ತ ಸಂಸ್ಥಾನದ ಮಿಸೌರಿ ರಾಜ್ಯದಲ್ಲಿ, ಕೊಲಂಬಿಯಾ ಎಂಬ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. 2023ರ ಬೇಸಗೆಯ ರಜೆಯಲ್ಲಿ ಅವನ ಒತ್ತಾಯಕ್ಕೆ ಕಟ್ಟುಬಿದ್ದು ನಾನೂ ನನ್ನ ಮನೆಯವರೂ ಅಲ್ಲಿಗೆ ಹೋಗಿ ಐದು ವಾರ ಇದ್ದೆವು. ಅವನ ಮಗಳಿಗೆ ಆಗ ಹನ್ನೊಂದು ವರ್ಷ. ಕನ್ನಡವನ್ನು ಚೆನ್ನಾಗಿಯೇ ಮಾತನಾಡುತ್ತಾಳೆ. ಆದರೆ ಓದಲು ಬರೆಯಲು ಬಾರದು. ಈ ಕೊರತೆ ನನ್ನಂಥವನಿಗೆ ಎಷ್ಟು ನೋವನ್ನುಂಟುಮಾಡುವುದೆಂದು ಬೇರೆ ಹೇಳಬೇಕಾಗಿಲ್ಲ. ಮೊದಲ ವಾರದಲ್ಲಿ ನಾನು ಕಾಪಿ ಪುಸ್ತಕವೊಂದನ್ನು ತಂದು ಅ ಆ ಇ ಈ ತಿದ್ದಿಸಲು ಕುಳಿತಾಗ, ಮಗು ವಿನಯದಿಂದಲೇ ಎರಡು ಪುಟ ತಿದ್ದಿ, "ದೊಡ್ಡಪ್ಪ, ಇದನ್ನ ಓದೋರು ಇಲ್ಲಿ ಯಾರಿದ್ದಾರೆ?" ಎಂದು ಕೇಳಿತು. ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ಉತ್ತರ ನನ್ನಲ್ಲಿಯೂ ಇರಲಿಲ್ಲ.

ಆ ಊರಿಗೆ ಸಮೀಪದಲ್ಲಿ 'ಕೇಟಿ ಟ್ರೈಲ್' ಎಂಬ ರಾಜ್ಯೋದ್ಯಾನವಿದೆ. ಉದ್ಯಾನವೆಂದೊಡನೆ ಹೂವಿನ ಮಡಿಗಳನ್ನು ಕಲ್ಪಿಸಿಕೊಳ್ಳಬಾರದು. ಅದು ಒಂದು ರೈಲುದಾರಿ, ಅಥವಾ ರೈಲುದಾರಿಯಾಗಿದ್ದದ್ದು. ಮಿಸೌರಿ-ಕ್ಯಾನ್ಸಸ್-ಟೆಕ್ಸಾಸ್ ಎಂಬ ಕಂಪೆನಿಯ ಗಾಡಿಗಳು ಮಿಸೌರಿ ನದಿಯ ದಡದಗುಂಟ ಓಡುತ್ತಿದ್ದವು. 1986ರಲ್ಲಿ ಆ ಭಾಗದ ಸಂಚಾರ ನಿಂತಿತು. ನಮ್ಮಲ್ಲಾಗಿದ್ದರೆ ಹಳಿ ಕಿತ್ತ ಮರುವರ್ಷವೇ ಅಕ್ಕಪಕ್ಕದ ಬೇಲಿಗಳು ಒಂದನ್ನೊಂದು ಸೇರುತ್ತಿದ್ದವು! ಅಲ್ಲಿಯೂ ಪಕ್ಕದ ಜಮೀನಿನವರು ನ್ಯಾಯಾಲಯದ ಮೆಟ್ಟಿಲು ಹತ್ತದೆ ಇರಲಿಲ್ಲ. ಆದರೆ ಮುಂದೆಂದಾದರೂ ರೈಲಿಗೆ ಬೇಕಾದೀತೆಂದು ದಾರಿಯನ್ನು ಅಖಂಡವಾಗಿ ಉಳಿಸಿ, ಅದುವರೆಗೆ ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ಬಿಟ್ಟುಕೊಡಲು 1983ರಲ್ಲಿಯೇ ಶಾಸನವೊಂದು ಆಗಿತ್ತು. ಎಡ್ವರ್ಡ್ ಜೋನ್ಸ್ ಮತ್ತು ಪ್ಯಾಟ್ ಜೋನ್ಸ್ ಎಂಬ ದಂಪತಿಗಳು ದೊಡ್ಡ ಮೊತ್ತವನ್ನು ದಾನವಾಗಿತ್ತರು. 1990ರಲ್ಲಿ ಮೊದಲ ಭಾಗ ತೆರೆಯಿತು. ಈಗ ಅದರ ಉದ್ದ ಸುಮಾರು 240 ಮೈಲಿ, ಎಂದರೆ 386 ಕಿಲೋಮೀಟರು. ಸುಣ್ಣಕಲ್ಲಿನ ಪುಡಿಯನ್ನು ಹಾಸಿ ಬಡಿದ ದಾರಿ. ಮಳೆ ಬಂದರೂ ಕೆಸರಾಗದು.

ಹೆಸರಿನ ವಿಷಯವಾಗಿ ಒಂದು ಮಾತು. ಕಂಪೆನಿಯ ಹೆಸರಿನ 'ಕೆ' 'ಟಿ' ಎಂಬೆರಡು ಅಕ್ಷರಗಳೇ ಜನರ ಬಾಯಲ್ಲಿ ಸವೆದು 'ಕೇಟಿ' ಎಂಬ ಹೆಣ್ಣುಮಗಳ ಹೆಸರಾಗಿ ನಿಂತಿವೆ. ಕಿಬ್ಬನಹಳ್ಳಿಯೆಂಬ ತುಂಬು ನುಡಿಯು ಬಸ್ ನಿರ್ವಾಹಕರ ಬಾಯಲ್ಲಿ 'ಕೆ.ಬಿ. ಕ್ರಾಸ್' ಆದುದನ್ನು ಕಂಡು ಹಲವು ಸಲ ಮರುಗಿದ್ದ ನನಗೆ, ಈ ರೋಗ ಸಪ್ತಸಾಗರದಾಚೆಗೂ ಇದೆಯೆಂದು ತಿಳಿದು ಸ್ವಲ್ಪ ಸಮಾಧಾನವೇ ಆಯಿತು.

ಇನ್ನು ಆಟದ ವಿಚಾರ. ಯಾರೋ ಒಬ್ಬರು ನೀರು ಹೋಗದಂಥ ಒಂದು ಡಬ್ಬಿಯಲ್ಲಿ ಒಂದು ಪುಟ್ಟ ಪುಸ್ತಕವನ್ನೂ ಕೆಲವು ಅಲ್ಪಬೆಲೆಯ ಸಾಮಾನುಗಳನ್ನೂ ಹಾಕಿ ಎಲ್ಲಿಯಾದರೂ ಮರೆಮಾಡಿ ಇಡುತ್ತಾರೆ. ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾರೆ. ಮಿಕ್ಕವರು ಉಪಗ್ರಹಗಳ ಸಂಕೇತವನ್ನು ಗ್ರಹಿಸುವ ಯಂತ್ರವನ್ನು ಹಿಡಿದು ಹುಡುಕಿ ಹೋಗುತ್ತಾರೆ. ಈಗ ಕೈಯ ಫೋನೇ ಸಾಕು. ಸಿಕ್ಕಿದರೆ ಪುಸ್ತಕದಲ್ಲಿ ಹೆಸರು, ದಿನಾಂಕ ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇದ್ದಂತೆಯೇ ಇಟ್ಟು ಬರಬೇಕು. ಒಳಗಿನ ಸಾಮಾನೇನಾದರೂ ಬೇಕೆನಿಸಿದರೆ ಅಷ್ಟೇ ಬೆಲೆಯದನ್ನೋ ಹೆಚ್ಚಿನದನ್ನೋ ಅಲ್ಲಿಟ್ಟು ತೆಗೆದುಕೊಳ್ಳಬಹುದು. ಹೂಳಲು ನೆಲವನ್ನು ಅಗೆಯಬಾರದು; ರೈಲು ಓಡುತ್ತಿರುವ ಹಳಿಯ ಹತ್ತಿರ ಇಡಬಾರದು; ಸ್ಥಳದ ಒಡೆಯರ ಅನುಮತಿ ಬೇಕು. ಇದಕ್ಕೆ 'ಜಿಯೋಕ್ಯಾಷಿಂಗ್' ಎಂದು ಹೆಸರು.

ಇದರ ಹುಟ್ಟು 2000ದ ಮೇ ತಿಂಗಳಲ್ಲಿ. ಅದುವರೆಗೆ ಅಮೆರಿಕದ ಸೇನೆಯು ನಾಗರಿಕರಿಗೆ ದೊರೆಯುವ ಉಪಗ್ರಹ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸಿತ್ತು. ನಿಂತ ಜಾಗವನ್ನು ನೂರು ಮೀಟರಿನಷ್ಟು ತಪ್ಪಾಗಿ ಹೇಳುತ್ತಿತ್ತು. ಅಧ್ಯಕ್ಷ ಕ್ಲಿಂಟನ್ನರ ಆಜ್ಞೆಯಂತೆ ಆ ಮುಸುಕನ್ನು ತೆಗೆದ ಮರುದಿನವೇ, ಮೇ 3ರಂದು, ಡೇವ್ ಅಲ್ಮರ್ ಎಂಬವರು ಓರೆಗನ್ ರಾಜ್ಯದ ಕಾಡಿನಲ್ಲಿ ಒಂದು ಬಕೀಟಿನೊಳಗೆ ಪುಸ್ತಕ, ಕವಣೆ, ಹುರುಳಿಕಾಯಿಯ ಡಬ್ಬಿ ಮುಂತಾದುವನ್ನಿಟ್ಟು ಅದರ ನೆಲೆಯನ್ನು ಲೋಕಕ್ಕೆ ತಿಳಿಸಿದರು. ಕ್ಷಿಪಣಿಗಳಿಗೆ ಗುರಿ ತೋರಿಸುವ ಸಲುವಾಗಿ ಹಾರಿಬಿಟ್ಟ ಉಪಗ್ರಹಗಳು ಮಕ್ಕಳ ಕಣ್ಣಾಮುಚ್ಚಾಲೆಗೆ ಒದಗಿದ್ದು ಹೀಗೆ.

ಒಂದು ಭಾನುವಾರ ಮಗು ನನ್ನನ್ನು ರೋಷ್‌ಪೋರ್ಟ್ ಎಂಬ ಹಳ್ಳಿಗೆ ಕರೆದೊಯ್ದಿತು. ಫ್ರೆಂಚರು ಇಟ್ಟ ಹೆಸರು. ಬಂಡೆಗಳ ರೇವು ಎಂದರ್ಥ. ಅಲ್ಲಿ 1893ರ ಸುಮಾರಿಗೆ ಕೊರೆದು ಮುಗಿಸಿದ 243 ಅಡಿಯ ರೈಲು ಸುರಂಗವೊಂದಿದೆ. ಅದನ್ನು ದಾಟಿ ಎರಡು ಮೈಲಿ ನಡೆದೆವು. ಒಂದು ಕಡೆ ಕಡಿದಾದ ಸುಣ್ಣಕಲ್ಲಿನ ಗೋಡೆ, ಮತ್ತೊಂದು ಕಡೆ ಕೆಂಪು ಕದಡಿದ ಮಹಾನದಿ. ಯಂತ್ರವು "ಇನ್ನು ಆರು ಮೀಟರು" ಎಂದು ತೋರಿಸಿ ಅಲ್ಲಿಗೇ ನಿಂತುಬಿಟ್ಟಿತು. ಅದು ಡಿಗ್ರಿಯ ಅರವತ್ತನೆಯ ಒಂದು ಭಾಗವಾದ ಮಿನಿಟನ್ನೂ ಸಾವಿರ ಪಾಲು ಮಾಡಿ ಹೇಳುತ್ತದೆ; ಅಂಥ ಒಂದು ಪಾಲೆಂದರೆ ನೆಲದ ಮೇಲೆ ಎರಡು ಮೀಟರಿಗಿಂತ ಕಡಮೆ. ಆದರೂ ಮರದ ನೆರಳಲ್ಲಿ, ಬಂಡೆಯ ಮಗ್ಗುಲಲ್ಲಿ ಅದಕ್ಕೆ ಕಣ್ಣು ಮಂಜಾಗುವುದಂತೆ. ನಾನು ಪೊದೆಗೆ ಕೈಹಾಕಹೋದೆ. "ಮುಟ್ಟಬೇಡಿ ದೊಡ್ಡಪ್ಪ! ಮೂರೆಲೆ ಇರೋ ಬಳ್ಳಿ ವಿಷ, ಮೈಯೆಲ್ಲ ಉರಿಯುತ್ತೆ" ಎಂದು ಮಗು ಕೂಗಿತು. ಮೂರೆಲೆಯೆಂದರೆ ಬಿಲ್ವವೆಂದು ಕಣ್ಣಿಗೊತ್ತಿಕೊಳ್ಳುವ ನಾಡಿನಿಂದ ಹೋದವನಿಗೆ ಇದೊಂದು ಹೊಸ ಪಾಠ.

ಆಮೇಲೆ ನಮ್ಮನ್ನು ದಡ ಮುಟ್ಟಿಸಿದ್ದು ಉಪಗ್ರಹವಲ್ಲ, ಇಟ್ಟವರು ಬರೆದಿದ್ದ ಒಂದು ಸಾಲಿನ ಸುಳಿವು. ಅದು ಶ್ಲೇಷೆಯಿಂದ ಕೂಡಿತ್ತು. ಮಗು ಅದನ್ನು ಎರಡು ಮೂರು ಸಲ ಓದಿ, ಒಂದು ಪದಕ್ಕೆ ಎರಡರ್ಥವಿರುವುದನ್ನು ಹಿಡಿದು, ನೇರವಾಗಿ ಹೋಗಿ ಬಿದ್ದ ಮರವೊಂದರ ಪೊಟರೆಯಿಂದ ಡಬ್ಬಿಯನ್ನು ತೆಗೆಯಿತು. ಇಪ್ಪತ್ತು ಸಾವಿರ ಕಿಲೋಮೀಟರಿನ ಮೇಲಿಂದ ಬಂದ ಸಂಕೇತವು ಸೋತ ಕಡೆಯ ಆರು ಮೀಟರುಗಳನ್ನು ಭಾಷೆ ನಡೆಸಿಕೊಟ್ಟಿತು. ನನ್ನ ವೃತ್ತಿಯ ಬಗೆಗೆ ಅಂದು ನನಗಾದಷ್ಟು ಹೆಮ್ಮೆ ಯಾವ ಸನ್ಮಾನ ಸಮಾರಂಭದಲ್ಲಿಯೂ ಆಗಿಲ್ಲ.

ಪುಸ್ತಕದಲ್ಲಿ ನಾನು ಕನ್ನಡದಲ್ಲಿ ರುಜು ಮಾಡಿದೆ. ಊರಿನ ಹೆಸರನ್ನು ಕಿಬ್ಬನಹಳ್ಳಿಯೆಂದು ಪೂರ್ತಿಯಾಗಿಯೇ ಬರೆದೆ. ಮಗು ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿ, ಮುಂದಿನ ಡಬ್ಬಿಯಲ್ಲಿ ತನ್ನ ಹೆಸರೂ ಹಾಗೆಯೇ ಇರಬೇಕೆಂದಿತು. ಕಾಪಿ ಪುಸ್ತಕದಿಂದ ಆಗದ ಕೆಲಸ ಮರದ ಪೊಟರೆಯಿಂದ ಆಯಿತು. ನಾವು ಹಿಂದಿರುಗುವ ಹೊತ್ತಿಗೆ ಅದು ತನ್ನ ಹೆಸರು, ತಂದೆತಾಯಿಗಳ ಹೆಸರು, ನಮ್ಮೂರ ಹೆಸರು ಇಷ್ಟನ್ನು ತಪ್ಪಿಲ್ಲದೆ ಬರೆಯುತ್ತಿತ್ತು. ಒತ್ತಕ್ಷರವೆಂದರೆ ಅದಕ್ಕೆ ಬಹಳ ಇಷ್ಟ. ಒಂದಕ್ಷರದ ಕೆಳಗೆ ಇನ್ನೊಂದು ಅಡಗಿ ಕುಳಿತಿದೆಯೆನ್ನುತ್ತಿತ್ತು.

"ಇದಕ್ಕೆ ಕನ್ನಡದಲ್ಲಿ ಏನಂತಾರೆ ದೊಡ್ಡಪ್ಪ?" ಎಂದು ದಾರಿಯಲ್ಲಿ ಕೇಳಿತು. ನಿಧಿಯೆಂಬುದು ಎಲ್ಲರ ನಾಲಗೆಯ ತುದಿಗೆ ಬರುವ ಮಾತು. ಆದರೆ ನಮ್ಮ ಶಾಸನಗಳಲ್ಲಿ ದತ್ತಿಭೂಮಿಯ ಅಷ್ಟಭೋಗಗಳನ್ನು ಎಣಿಸುವಾಗ ನಿಧಿ, ನಿಕ್ಷೇಪ ಎಂದು ಎರಡನ್ನು ಬೇರೆಬೇರೆಯಾಗಿ ಹೇಳುತ್ತಾರೆ. ಧಾತುವನ್ನು ವಿಚಾರಿಸಿದರೆ ಎರಡಕ್ಕೂ ಇಡುವುದೆಂದೇ ಅರ್ಥ. ರೂಢಿಯಲ್ಲಿ ಮಾತ್ರ ನಿಧಿಯೆಂದರೆ ಒಡೆಯನಳಿದು ನೆಲದಲ್ಲುಳಿದದ್ದು. ನಿಕ್ಷೇಪವೆಂದರೆ ನಂಬಿ ಒಪ್ಪಿಸಿ ಇಟ್ಟದ್ದು, ಇಟ್ಟಂತೆಯೇ ಹಿಂದಿರುಗಿಸಬೇಕಾದದ್ದು. ಧರ್ಮಶಾಸ್ತ್ರದ ಹದಿನೆಂಟು ವ್ಯವಹಾರಪದಗಳಲ್ಲಿ ಅದಕ್ಕೊಂದು ಪ್ರಕರಣವೇ ಉಂಟು. ಆದುದರಿಂದ ಮಗುವಿಗೆ 'ನಿಕ್ಷೇಪದಾಟ' ಎಂದು ಹೇಳಿಕೊಟ್ಟೆ.

ಈ ಎರಡು ಪದಗಳ ಅಂತರವು ಬರಿಯ ನಿಘಂಟಿನ ವಿಷಯವಲ್ಲವೆಂಬುದು ಊರಿಗೆ ಬಂದ ಮೇಲೆ ನನಗೆ ಮನದಟ್ಟಾಯಿತು. ನಮ್ಮ ಸೀಮೆಯು ಕಲ್ಲುಗಳ ಸೀಮೆ. ಅರಳಗುಪ್ಪೆಯ ಕಲ್ಲೇಶ್ವರನ ಗುಡಿಯ ಭುವನೇಶ್ವರಿಯನ್ನು, ವಿಘ್ನಸಂತೆಯಲ್ಲಿ 1286ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯವನ್ನು ನೋಡದವರು ಈ ಸಂಸ್ಥೆಯಲ್ಲಿ ಓದಿದವರಲ್ಲಿ ವಿರಳ. ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವು ಸಂಪೂರ್ಣವಾಗಿ ನಮ್ಮ ತುಮಕೂರು ಜಿಲ್ಲೆಯದೇ. ಆದರೆ ಹೆಸರಾಂತ ಗುಡಿಗಳನ್ನು ಬಿಟ್ಟರೆ, ತೋಟದ ಬದುವಿನಲ್ಲಿ, ಕೆರೆಯ ಕೋಡಿಯಲ್ಲಿ ಒಂಟಿಯಾಗಿ ನಿಂತ ವೀರಗಲ್ಲು, ಮಾಸ್ತಿಕಲ್ಲುಗಳ ಗತಿಯೇನು? ನಾನು ಅಮೆರಿಕದಿಂದ ಬಂದ ತಿಂಗಳಲ್ಲಿಯೇ, ನಾಲ್ಕು ಮೈಲಿಯಾಚೆಯ ಒಂದು ಗ್ರಾಮದಲ್ಲಿ ಅಮಾವಾಸ್ಯೆಯ ರಾತ್ರಿ ಯಾರೋ ನಿಧಿಯಾಸೆಯಿಂದ ಒಂದು ವೀರಗಲ್ಲಿನ ಬುಡವನ್ನು ಆಳುದ್ದ ಅಗೆದು, ಕಲ್ಲನ್ನು ಎರಡು ತುಂಡು ಮಾಡಿ ಹೋಗಿದ್ದರು. ನೋಡಹೋದಾಗ ಗುಂಡಿಯ ಸುತ್ತ ಕುಂಕುಮ, ನಿಂಬೆಹಣ್ಣು ಬಿದ್ದಿದ್ದವು. ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕಿದರೆ ಕಲೆಕ್ಟರರಿಗೆ ತಿಳಿಸಬೇಕೆಂದು 1878ರ ಕಾಯಿದೆ ಹೇಳುತ್ತದೆ. ಗುಂಡಿಯಲ್ಲಿ ಹತ್ತು ಪೈಸೆಯೂ ಇದ್ದಿರಲಾರದು. ಆ ಕಲ್ಲಿನಲ್ಲಿದ್ದ ಐಶ್ವರ್ಯವೆಲ್ಲ ಅದರ ಮೂರು ಪಟ್ಟಿಕೆಗಳು ಮತ್ತು ಎರಡು ಸಾಲು ಹಳಗನ್ನಡ ಅಕ್ಷರ. ಒಡೆದದ್ದು ಸರಿಯಾಗಿ ಅಕ್ಷರದ ಮೇಲೆಯೇ.

ಮಕ್ಕಳಿಗೆ ಈ ಆಟವನ್ನು ಕಲಿಸಬೇಕೆಂದು ಅಂದೇ ನಿಶ್ಚಯಿಸಿದೆ.

ರೈಲುದಾರಿ ನಮ್ಮಲ್ಲಿ ಸಾಧ್ಯವಿಲ್ಲ. ತಿಪಟೂರಿನ ಹಳಿಯ ಮೇಲೆ ಹಗಲಿರುಳೂ ಗಾಡಿಗಳು ಓಡುತ್ತಿವೆ. ಕರ್ನಾಟಕದಲ್ಲಿ ಕೇಟಿಯಂಥ ದಾರಿಯೊಂದು ಹತ್ತು ವರ್ಷ ಮಾತ್ರ ತಾನಾಗಿಯೇ ಒದಗಿತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಐವತ್ತೇಳು ಸುರಂಗಗಳ ಮೂಲಕ ಇಳಿಯುವ ಘಟ್ಟದ ಹಳಿಯನ್ನು ಗೇಜ್ ಬದಲಾವಣೆಗಾಗಿ 1996ರಲ್ಲಿ ಮುಚ್ಚಿದಾಗ, ನೂರಾರು ಚಾರಣಿಗರು ಅದರ ಮೇಲೆಯೇ ನಡೆದರು. 2006ರಲ್ಲಿ ಗಾಡಿಗಳು ಮರಳಿದವು. ಈಗ ಅಲ್ಲಿ ನಡೆಯುವುದು ನಿಷಿದ್ಧವೂ ಹೌದು, ಪ್ರಾಣಾಪಾಯಕರವೂ ಹೌದು. ಹಾಗಾಗಿ ನಾವು ಆರಿಸಿಕೊಂಡದ್ದು ಕೆರೆಯ ಏರಿಯಿಂದ ತೋಟಗಳ ನಡುವೆ ಹಾಯುವ ಹಳೆಯ ಗಾಡಿಜಾಡನ್ನು. ಮುಖ್ಯೋಪಾಧ್ಯಾಯರ ಒಪ್ಪಿಗೆ, ಪಂಚಾಯಿತಿಯ ಒಪ್ಪಿಗೆ, ತೋಟದವರ ಒಪ್ಪಿಗೆ ಎಲ್ಲವನ್ನೂ ಪಡೆದು, ಒಂಬತ್ತನೆಯ ತರಗತಿಯ ಮಕ್ಕಳು ಐದು ಸ್ಟೀಲ್ ಡಬ್ಬಿಗಳನ್ನು ಇಟ್ಟರು. ಪ್ರತಿಯೊಂದೂ ಒಂದು ಹಳೆಯ ಕಲ್ಲಿಗೆ ಹತ್ತು ಹೆಜ್ಜೆ ದೂರದಲ್ಲಿ. ಕಲ್ಲನ್ನು ಮುಟ್ಟುವಂತಿಲ್ಲ, ಅಗೆಯುವಂತಿಲ್ಲ. ಕಲ್ಲಿನ ಮೇಲಿರುವುದನ್ನು ಓದಿಯೋ ನೋಡಿಯೋ ಪುಸ್ತಕದಲ್ಲಿ ಬರೆದರೆ ಮಾತ್ರ ರುಜು.

ಇಲ್ಲಿ ಯಂತ್ರದ ಅವಸ್ಥೆ ಇನ್ನೂ ಸ್ವಾರಸ್ಯಕರ. ತೆಂಗಿನ ಸಸಿಗಳನ್ನು ಮೂವತ್ತಡಿಗೊಂದರಂತೆ ನೆಡುವುದು ವಾಡಿಕೆ. ಫೋನು ಏಳೆಂಟು ಮೀಟರು ಅತ್ತಿತ್ತ ಹೇಳಿದರೆ ಒಂದು ಮರವನ್ನು ಬಿಟ್ಟು ಮತ್ತೊಂದು ಮರ; ಎಲ್ಲ ಮರಗಳೂ ಒಂದೇ ತಾಯ ಮಕ್ಕಳಂತೆ! ಆದುದರಿಂದ ಸುಳಿವನ್ನು ಒಗಟಿನ ರೂಪದಲ್ಲಿ ಬರೆಯಬೇಕಾಯಿತು. ಛಂದಸ್ಸಿನ ಪಾಠದಲ್ಲಿ ಆಕಳಿಸುತ್ತಿದ್ದ ಹುಡುಗರು ಪ್ರಾಸಕ್ಕಾಗಿ ನನ್ನ ಮನೆಯ ಬಾಗಿಲು ತಟ್ಟಿದರು.

ಮೊದಲ ದಿನವೇ ಏರಿಯ ಮೇಲೆ ಹಿರಿಯ ರೈತರೊಬ್ಬರು ತಡೆದರು.

"ಏನ್ ಮೇಷ್ಟ್ರೇ, ಮಕ್ಳನ್ನ ಕಟ್ಕಂಡು ನಿಧಿ ಹುಡುಕ್ತಿದ್ದೀರಾ?"

"ಇಲ್ಲ ಯಜಮಾನರೇ. ನಾವೇ ಇಟ್ಟ ಡಬ್ಬಿಯನ್ನು ಹುಡುಕುತ್ತಿದ್ದೇವೆ."

"ನೀವೇ ಇಟ್ಟು ನೀವೇ ಹುಡುಕೋದಾ? ಸಿಕ್ಕಿದ್ರೆ ಏನ್ ಮಾಡ್ತೀರಿ?"

"ಹೆಸರು ಬರೆದು ಅಲ್ಲೇ ಇಡುತ್ತೇವೆ."

ಅವರು ನಮ್ಮನ್ನು ಅನುಕಂಪದಿಂದ ನೋಡಿದರು. ಆದರೆ ಬಿಟ್ಟುಹೋಗಲಿಲ್ಲ, ಸುಮಾರು ದೂರ ಹಿಂದೆಯೇ ಬಂದರು. ಗುಮಾನಿಯಿಂದ ಬಂದವರು, ಒಬ್ಬ ಹುಡುಗಿ ವೀರಗಲ್ಲಿನ ಎದುರು ನಿಂತು, ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಮಡಿದ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಸನ್ನಿಧಿ ಎಂದು ವಿವರಿಸಿದಾಗ, ಹೆಗಲ ಟವೆಲನ್ನು ತೆಗೆದು ಕಲ್ಲಿನ ಧೂಳನ್ನು ಒರೆಸಿದರು. ಐವತ್ತು ವರ್ಷ ಆ ಕಲ್ಲಿನ ಪಕ್ಕದಲ್ಲಿಯೇ ನೀರು ಕಟ್ಟಿದವರಂತೆ. "ನಮ್ಮಪ್ಪ ಇದಕ್ಕೆ ದನ ಕಟ್ಟಬ್ಯಾಡ ಅಂತಿದ್ದ, ಯಾಕೇಂತ ಹೇಳಿರ್ಲಿಲ್ಲ" ಎಂದರು. ಆ ದಿನದ ಪುಸ್ತಕದಲ್ಲಿ ಕೊನೆಯ ರುಜು ಅವರದು. ಈಗ ಆ ಕಲ್ಲಿನ ಬಳಿ ಅಪರಿಚಿತರು ನಿಂತರೆ ಮೊದಲು ವಿಚಾರಿಸುವವರೂ ಅವರೇ.

ಐದು ಡಬ್ಬಿಗಳಲ್ಲಿ ಒಂದನ್ನು ಕೋತಿಗಳು ಒಯ್ದವು. ಒಂದು ಕೋಡಿ ಬಿದ್ದಾಗ ತೇಲಿಹೋಯಿತು. ಉಳಿದ ಮೂರರಲ್ಲಿ ಒಂದರ ಪುಸ್ತಕ ತುಂಬಿ ಎರಡನೆಯದನ್ನು ಹಾಕಿದ್ದೇವೆ. ತುಂಬಿದ ಪುಸ್ತಕ ಶಾಲೆಯ ಗ್ರಂಥಾಲಯದಲ್ಲಿದೆ, ಹಿರಿಯ ವಿದ್ಯಾರ್ಥಿಗಳು ಬಂದಾಗ ಕೇಳಿ ನೋಡಬಹುದು. ಅದರಲ್ಲಿ ಮಕ್ಕಳು ಎತ್ತಿ ಬರೆದ ಒಂದು ಶಾಸನದ ಪಾಠವಿದೆ. ನಾಲ್ಕನೆಯ ಸಾಲಿನಲ್ಲಿ ಒಂದು ಪದ ನನಗೂ ಇನ್ನೂ ಬಗೆಹರಿದಿಲ್ಲ.

ತಮ್ಮನ ಮಗಳು ಬರುವ ಡಿಸೆಂಬರಿನಲ್ಲಿ ಊರಿಗೆ ಬರುವುದಾಗಿ ಕಾಗದ ಬರೆದಿದ್ದಾಳೆ. ವಿಳಾಸವನ್ನು ತನ್ನ ಕೈಯಿಂದಲೇ ಕನ್ನಡದಲ್ಲಿ ಬರೆದಿದ್ದಾಳೆ. ಅಂಚೆಯವರು ಸರಿಯಾಗಿಯೇ ತಲಪಿಸಿದರು. ಸುದ್ದಿ ತಿಳಿದ ಹುಡುಗರು ಅವಳಿಗಾಗಿ ಆರನೆಯ ಡಬ್ಬಿಯೊಂದನ್ನು ಸಿದ್ಧಪಡಿಸುತ್ತಿದ್ದಾರೆ. ಅವಳು ಫೋನನ್ನು ಕೆಳಗಿಡಲೇಬೇಕಾಗುವಂಥ ಒಗಟನ್ನು ಹೆಣೆಯಬೇಕೆಂಬುದು ಅವರ ಪಂತ. ನಾನು ಅವಳ ಕಡೆಯವನೆಂದು ಶಂಕಿಸಿ, ಒಗಟನ್ನು ನನಗೂ ತೋರಿಸುತ್ತಿಲ್ಲ.