ಕರೆಂಟ್ ಅದ, ಶಕ್ತಿ ಇಲ್ಲ

ನಿಮ್ಮ ಫೋನಿನ ಚಾರ್ಜರ್ ಒಮ್ಮೆ ತಿರುಗಿಸಿ ನೋಡಿ. ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ 9 ವೋಲ್ಟ್, 2 ಆಂಪಿಯರ್ ಅಂತಲೋ, 5 ವೋಲ್ಟ್, 3 ಆಂಪಿಯರ್ ಅಂತಲೋ ಬರೆದಿರುತ್ತೆ. ಎರಡನ್ನೂ ಗುಣಿಸಿದರೆ ಸಿಗೋದು ಪವರ್: ಮೊದಲನೆಯದು 18 ವ್ಯಾಟ್, ಎರಡನೆಯದು 15. ಹೀಟರಿನಂಥ ವಸ್ತುವಿನಲ್ಲಿ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್ ಸಿಗುತ್ತೆ. ಜಾರ್ಜ್ ಓಮ್ ಅನ್ನೋ ಜರ್ಮನ್ ಮೇಷ್ಟ್ರು 1827ರಲ್ಲಿ ಪುಸ್ತಕ ಮಾಡಿ ಹೇಳಿದ ಈ ಮಾತನ್ನು ನಾವೆಲ್ಲ ಪರೀಕ್ಷೆಯಲ್ಲಿ ಬರೆದು ಮುಂದೆ ಬಂದವರೇ. ಬೆಂಗಳೂರಲ್ಲಿ ಕೋಡ್ ಬರೆಯೋ ನನಗೆ ಅದು ನಿಜವಾಗಿ ಕೆಲಸಕ್ಕೆ ಬಂದದ್ದು ಮಾತ್ರ ಹೋದ ಚಳಿಗಾಲ, ದೇವದುರ್ಗ ತಾಲ್ಲೂಕಿನ ಮಸರಕಲ್‌ನಲ್ಲಿರುವ ನಮ್ಮ ಮನೆಯಲ್ಲಿ.

ಹತ್ತಿ ಬಿಡಿಸೋ ಕಾಲ. ರೇಟ್ ಏರಲಿ ಅಂತ ಅಪ್ಪ ಹತ್ತಿಯನ್ನು ಪಡಸಾಲೆಯಲ್ಲೇ ಗುಡ್ಡೆ ಹಾಕಿದ್ದ. ಅವ್ವನ ದೂರು ಬೇರೆ: "ಕರೆಂಟ್ ಅದ ಯಪ್ಪಾ, ಆದ್ರ ಅದರಾಗ ಶಕ್ತಿ ಇಲ್ಲ. ಜಳಕದ ನೀರು ಕಾಯಾಕತ್ತಿಲ್ಲ." ಅಪ್ಪ ಅದಕ್ಕೆ ಲೈನೇ ಹಂಗದ ಅಂತ ಸುಮ್ಮನಾಗಿದ್ದ. ನಮ್ಮ ಕಡೆ ಲೋ ವೋಲ್ಟೇಜ್ ಅಂದರೆ ಬಿಸಿಲಿನ ಹಾಗೆ, ಬೈಯಬಹುದು, ಬದಲಿಸಕ್ಕಾಗಲ್ಲ.

ಆದರೆ ಅವ್ವನ ಮಾತು ಲೆಕ್ಕದ ಪ್ರಕಾರ ಸರಿಯಾಗೇ ಇತ್ತು. ನಮ್ಮ ಹೀಟರ್ ರಾಡ್ ಮೇಲೆ 230 ವೋಲ್ಟ್, 1500 ವ್ಯಾಟ್ ಅಂತ ಬರೆದಿದೆ. 1500 ಭಾಗಿಸು 230 ಅಂದರೆ ಸುಮಾರು 6.5 ಆಂಪಿಯರ್. 230 ಭಾಗಿಸು 6.5 ಅಂದರೆ 35 ಓಮ್. ರಾಡಿನ ಈ 35 ಓಮ್ ಹೆಚ್ಚುಕಮ್ಮಿ ಬದಲಾಗಲ್ಲ. ಮಲ್ಟಿಮೀಟರ್ ಇಟ್ಟು ನೋಡಿದೆ. ರಾಡ್ ಹಾಕೋ ಮುಂಚೆ 214 ವೋಲ್ಟ್ ಇತ್ತು, ಹಾಕಿದ ಕೂಡಲೇ 200ಕ್ಕೆ ಬಿತ್ತು. 200 ಭಾಗಿಸು 35, ಅಂದರೆ 5.7 ಆಂಪಿಯರ್. ಪವರ್ 1140 ವ್ಯಾಟ್. ಹದಿನೈದು ಲೀಟರ್ ನೀರನ್ನು 30 ಡಿಗ್ರಿ ಬಿಸಿ ಮಾಡೋಕೆ 21 ನಿಮಿಷ ಸಾಕಾಗಬೇಕಿತ್ತು, 28 ಆಗುತ್ತೆ. ವೋಲ್ಟೇಜ್ ಕಮ್ಮಿಯಾದರೆ ಬಿಲ್ಲೂ ಕಮ್ಮಿ ಅಂದ್ಕೋಬೇಡಿ. ಅಷ್ಟೇ ನೀರಿಗೆ ಅಷ್ಟೇ ಯೂನಿಟ್ ಬೇಕು.

ನನ್ನನ್ನು ಕಾಡಿದ್ದು ಆ 14 ವೋಲ್ಟ್. ರಾಡ್ ಹಾಕಿದ ತಕ್ಷಣ ಅದು ಎಲ್ಲಿಗೆ ಹೋಯಿತು? ಟ್ರಾನ್ಸ್‌ಫಾರ್ಮರಿನಿಂದ ನಮ್ಮ ಪ್ಲಗ್‌ವರೆಗಿನ ದಾರಿಯಲ್ಲೇ ಖರ್ಚಾಗಿದೆ. 14 ಭಾಗಿಸು 5.7, ಅಂದರೆ ಆ ದಾರಿಯ ರೆಸಿಸ್ಟೆನ್ಸ್ ಸುಮಾರು 2.5 ಓಮ್. ಇದು ಲೈನಿನದ್ದೋ, ನಮ್ಮ ಮನೆಯದ್ದೋ?

ಪಕ್ಕದ ಕಾಕಾನ ಮನೆಗೂ ಅದೇ ಕಂಬದಿಂದ ವೈರ್ ಬಂದಿದೆ. ಅದೇ ರಾಡ್ ತಗೊಂಡು ಹೋಗಿ ಅಲ್ಲಿ ಹಾಕಿದೆ. 214 ಇದ್ದದ್ದು 210ಕ್ಕೆ ನಿಂತಿತು. ಕರೆಂಟ್ 6 ಆಂಪಿಯರ್, ಹೋದದ್ದು 4 ವೋಲ್ಟ್, ದಾರಿಯ ರೆಸಿಸ್ಟೆನ್ಸ್ 0.7 ಓಮ್. ಅಂದರೆ ಲೈನಿನ ಪಾಲು ಅಷ್ಟೇ. ಉಳಿದ 1.8 ಓಮ್ ಕಂಬದಿಂದ ಈಚೆ, ನಮ್ಮದೇ ವೈರಿನಲ್ಲಿ ಎಲ್ಲೋ ಕೂತಿತ್ತು.

ಒಳ್ಳೆ ವೈರಿಗೆ ಅಷ್ಟು ಗಿಡ್ಡ ದಾರಿಯಲ್ಲಿ 1.8 ಓಮ್ ಬರೋಕೆ ಸಾಧ್ಯವಿಲ್ಲ. ಎಲ್ಲೋ ಒಂದು ಜಾಯಿಂಟ್ ಸಡಿಲ ಇರಬೇಕು. ಕರೆಂಟನ್ನು ಕರೆಂಟಿನಿಂದಲೇ ಗುಣಿಸಿ, ಅದನ್ನು ರೆಸಿಸ್ಟೆನ್ಸಿನಿಂದ ಗುಣಿಸಿದರೆ ಅಲ್ಲಿ ಹುಟ್ಟೋ ಶಾಖ ಸಿಗುತ್ತೆ: 5.7 ಗುಣಿಸು 5.7 ಗುಣಿಸು 1.8, ಸುಮಾರು 58 ವ್ಯಾಟ್. ಹಳೇ 60 ವ್ಯಾಟಿನ ಬಲ್ಬನ್ನು ಉರಿಯುವಾಗ ಮುಟ್ಟಿದವರಿಗೆ ಅದೆಷ್ಟು ಬಿಸಿ ಅಂತ ಗೊತ್ತು. ಆ ಶಾಖ ಇಲ್ಲಿ ಬೆರಳ ತುದಿಯಷ್ಟು ಜಾಗದಲ್ಲಿ ಕೂತಿತ್ತು. ನಮ್ಮ ಮೀಟರ್ ಬೋರ್ಡ್ ಇರೋದು ಪಡಸಾಲೆಯ ಗೋಡೆ ಮೇಲೆ. ಅದರ ಕೆಳಗೇ ಒಂದು ವರ್ಷದ ದುಡಿಮೆ, ಒಣಗಿದ ಹತ್ತಿ.

"ಫ್ಯೂಸ್ ಹೋಗಿಲ್ಲಲ್ಲಪಾ ಮತ್ತ?" ಅಂದ ಅಪ್ಪ. ಒಳ್ಳೆ ಪ್ರಶ್ನೆ. ಫ್ಯೂಸಾಗಲಿ ಎಂಸಿಬಿಯಾಗಲಿ ನೋಡೋದು ಕರೆಂಟ್ ಮಿತಿ ಮೀರಿತಾ ಅನ್ನೋದನ್ನು ಮಾತ್ರ. ಸಡಿಲ ಜಾಯಿಂಟ್ ಕರೆಂಟನ್ನು ಹೆಚ್ಚಿಸಲ್ಲ, ತುಸು ಕಮ್ಮಿಯೇ ಮಾಡುತ್ತೆ. 5.7 ಆಂಪಿಯರ್ ಕಂಡ ಎಂಸಿಬಿಗೆ ಎಲ್ಲಾ ಸರಿ ಇದೆ ಅಂತಲೇ ಲೆಕ್ಕ.

ಅವತ್ತೇ ಹತ್ತಿಯನ್ನು ಒಳಗಿನ ಕೋಣೆಗೆ ಸರಿಸಿದೆವು. ಮರುದಿನ ಕಂಬದಲ್ಲಿ ಸಪ್ಲೈ ತೆಗೆಸಿ, ಎಲೆಕ್ಟ್ರಿಷಿಯನ್ ಬೋರ್ಡ್ ಬಿಚ್ಚಿದರು. ಕಂಬದಿಂದ ಬಂದ ಅಲ್ಯೂಮಿನಿಯಂ ವೈರಿಗೆ ತಾಮ್ರದ ವೈರನ್ನು ಸುಮ್ಮನೆ ಹೊಸೆದು ಟೇಪ್ ಸುತ್ತಿದ್ದರು. ಅಲ್ಯೂಮಿನಿಯಂ ಮೇಲೆ ಕಟ್ಟೋ ಆಕ್ಸೈಡ್ ಪದರ ಕರೆಂಟನ್ನು ತಡೆಯುತ್ತೆ. ಬಿಸಿಯಾಗಿ ತಣ್ಣಗಾಗಿ ಹಿಡಿತ ಇನ್ನೂ ಸಡಿಲಾಗುತ್ತೆ. ಟೇಪ್ ಕರಗಿ ಕಪ್ಪಾಗಿ ಅಂಟಿಕೊಂಡಿತ್ತು. ಎರಡೂ ಲೋಹಕ್ಕೆ ಹೊಂದೋ ಕನೆಕ್ಟರ್ ಹಾಕಿದ ಮೇಲೆ ರಾಡ್ ಹಚ್ಚಿದರೆ 210 ವೋಲ್ಟ್. ಅಪ್ಪ ಕಪ್ಪಾದ ಆ ತುಂಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಏನೂ ಅನ್ನಲಿಲ್ಲ.

ಇದೇ ಲೆಕ್ಕದ ಮೇಲೆ ದೇಶದ ದೊಡ್ಡ ಲೈನುಗಳೂ ನಿಂತಿವೆ. ಕರೆಂಟ್ ಅರ್ಧವಾದರೆ ವೈರಿನಲ್ಲಿ ಪೋಲಾಗೋ ಶಾಖ ಕಾಲು ಭಾಗಕ್ಕೆ ಇಳಿಯುತ್ತೆ. ಅದಕ್ಕೇ ದೂರ ಸಾಗಿಸುವಾಗ ವೋಲ್ಟೇಜ್ ಏರಿಸಿ ಕರೆಂಟ್ ಇಳಿಸ್ತಾರೆ. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕರೆಂಟ್ ತಯಾರಾಗ್ತಿದೆ. 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ಡನ್ನು ಉಳಿದ ದೇಶದ ಗ್ರಿಡ್ಡಿಗೆ ಜೋಡಿಸಿದ್ದೂ ರಾಯಚೂರು–ಸೋಲಾಪುರ ಲೈನೇ, 7,65,000 ವೋಲ್ಟಿನದ್ದು. ಅಷ್ಟೆಲ್ಲ ಜೋಪಾನ ಮಾಡಿ ತಂದ ಕರೆಂಟು ಕೊನೆಗೆ ಮನೆ ಗೋಡೆಯ ಒಂದು ಸಡಿಲ ಜಾಯಿಂಟಿನಲ್ಲಿ ಸೋರಬಹುದು.

ಹಬ್ಬಕ್ಕೆ ಊರಿಗೆ ಹೋದಾಗ ಇದನ್ನು ನೀವೂ ನೋಡಿ. ಪ್ಲಗ್ಗಿಗೆ ಹಾಕೋ ವೋಲ್ಟೇಜ್ ಮೀಟರ್ ಸಿಗುತ್ತೆ, ಯಾವ ವೈರನ್ನೂ ಬಿಚ್ಚಬೇಕಿಲ್ಲ. ಗೀಸರ್ ಆಫ್ ಇದ್ದಾಗ ಎಷ್ಟು, ಆನ್ ಆದಾಗ ಎಷ್ಟು ಅಂತ ಬರೆದುಕೊಳ್ಳಿ. ಪಕ್ಕದ ಮನೆಯಲ್ಲೂ ನೋಡಿ. ಅಲ್ಲಿಗಿಂತ ನಿಮ್ಮಲ್ಲಿ ತುಂಬಾ ಬೀಳ್ತಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ, ಬೋರ್ಡಿಗೆ ನೀವೇ ಕೈ ಹಾಕಬೇಡಿ. ಮಲ್ಟಿಮೀಟರನ್ನು ಆಂಪಿಯರಿಗೆ ತಿರುಗಿಸಿ ಪ್ಲಗ್ಗಿಗೆ ಇಡೋದಂತೂ ಬೇಡವೇ ಬೇಡ, ಅದು ನೇರ ಶಾರ್ಟ್ ಸರ್ಕ್ಯೂಟ್. ಎರಡೂ ಮನೆಯಲ್ಲಿ ಒಂದೇ ಥರ ಬೀಳ್ತಿದ್ದರೆ ಆಗ ಧೈರ್ಯವಾಗಿ ಲೈನನ್ನು ಬೈಯಬಹುದು. ದೂರು ಬರೆಯೋಕೆ ಕೈಯಲ್ಲಿ ಅಂಕಿಯೂ ಇರುತ್ತೆ.