ಕೆಲಸ ಕೇಳದೆ ಕೆಲಸ ಸಿಗೋದು ಹೆಂಗ?

"ಊರಾಗ ಕುಂತು ಬರಿಯೋ ಕೆಲಸ ನಿಮಗ ಹೆಂಗ ಸಿಗ್ತಾವ್ರಿ? ಯಾರಿಗಾದ್ರೂ ಅರ್ಜಿ ಹಾಕ್ತೀರೇನು?"

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಬಾಯಿಪಾಠ ಆಗಿಬಿಟ್ಟಿದೆ. ಇಲ್ಲ, ಅರ್ಜಿ ಹಾಕೋದಿಲ್ಲ. "ನನಗೊಂದು ಕೆಲಸ ಕೊಡಿ" ಅಂತ ಯಾರಿಗೂ ಬರೆಯದೆ ಏಳೆಂಟು ವರ್ಷ ಆಯಿತು. ಹಾಗಂತ ನಾನೇನೂ ದೊಡ್ಡ ಸಾಹಿತಿ ಅಲ್ಲ. ಆಳಂದ ತಾಲ್ಲೂಕಿನ ಸರಸಂಬಾದಲ್ಲಿ ಕೂತು ಅನುವಾದ, ಕರಪತ್ರ, ಒಕ್ಕಲುತನದ ಲೇಖನ ಅಂತ ಬರೆದು ಹೊಟ್ಟೆ ಹೊರೆಯೋ ಸಾದಾ ಮನುಷ್ಯ. ಜೊತೆಗೆ ನಾಲ್ಕೆಕರೆ ತೊಗರಿ ಹೊಲ ಇದೆ. ಎರಡೂ ಒಮ್ಮೊಮ್ಮೆ ಕೈಕೊಡುತ್ತವೆ, ಆದರೆ ಎರಡೂ ಒಟ್ಟಿಗೆ ಕೈಕೊಟ್ಟಿದ್ದು ಕಡಿಮೆ :)

ಈ ಸಲ ಇದನ್ನು ಕೂತು ಬರೆಯೋಕೆ ಕಾರಣ ನನ್ನ ಅಳಿಯ, ಅಂದರೆ ಅಕ್ಕನ ಮಗ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿದ್ದಾನೆ. ನಮ್ಮ ಕಡೆ ಓದಿದವರಿಗೆ ದಾರಿ ಎರಡೇ. ಒಂದು ಪುಣೆ ಮುಂಬೈ ಬಸ್ಸು, ಇನ್ನೊಂದು ನೌಕರಿ ಪರೀಕ್ಷೆಯ ಕೋಚಿಂಗು. ಇವನು ಮೂರನೇದು ಹಿಡಿದಿದ್ದಾನೆ. "ಮಾವಾ, ನಾನೂ ನಿನ್ನಂಗ ಊರಾಗೇ ಇದ್ದು ಬರೀತೀನಿ." ಅವರಪ್ಪ ದೀಪಾವಳಿವರೆಗೆ ಗಡುವು ಕೊಟ್ಟಿದ್ದಾರೆ. ಅಷ್ಟರೊಳಗೆ ದುಡ್ಡು ಕಾಣದಿದ್ದರೆ ಮುಂಬೈಗೆ. ನಾನು ಏನೋ ಒಂದು ಚಂದದ ಮಾತು ಹೇಳಿ, ಅದನ್ನು ನಂಬಿ ಅವನು ಎರಡು ವರ್ಷ ಕಳೆದುಕೊಂಡರೆ ಅಕ್ಕನಿಗೆ ಏನು ಉತ್ತರ ಕೊಡಲಿ? ಅದಕ್ಕೇ ಇದ್ದದ್ದು ಇದ್ದಹಾಗೆ ಬರೀತೀನಿ.

ಕೇಳದೆ ಕೆಲಸ ಬರೋದು ಅಂದರೆ ಏನು ಅಂತ ನಾನು ಕಲಿತಿದ್ದು ಆಳಂದದಲ್ಲಿ, ತಹಸೀಲ್ ಕಚೇರಿ ಹತ್ತಿರದ ಒಂದು ಚಹಾದಂಗಡಿಯಲ್ಲಿ. ಅಲ್ಲಿ ಒಬ್ಬ ಕಾಕಾ ಕೂರುತ್ತಿದ್ದರು. ಈಗಿಲ್ಲ. ಅವರ ಕೆಲಸ ಹಳೇ ಉರ್ದು ಕಾಗದ ಓದಿ ಕನ್ನಡದಲ್ಲಿ ಬರೆದುಕೊಡೋದು. ನಮ್ಮ ಭಾಗ 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಹಿಂಗಾಗಿ ಅಜ್ಜ ಮುತ್ತಜ್ಜಂದಿರ ಕಾಲದ ಜಮೀನಿನ ಕಾಗದ ಎಷ್ಟೋ ಮನೆಗಳಲ್ಲಿ ಉರ್ದುವಿನಲ್ಲೇ ಇವೆ. ಅಣ್ಣತಮ್ಮಂದಿರ ಪಾಲಾಗುವಾಗ, ಬದುವಿನ ಜಗಳ ಕೋರ್ಟಿಗೆ ಹೋದಾಗ ಆ ಕಾಗದ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ. ಓದೋರು ಯಾರು?

ಕಾಕಾ ಬೋರ್ಡು ಹಾಕಿರಲಿಲ್ಲ, ಯಾರನ್ನೂ ಕರೆಯುತ್ತಿರಲಿಲ್ಲ. ಆದರೂ ಹಳ್ಳಿಗಳಿಂದ ಜನ ಅವರನ್ನು ಹುಡುಕಿಕೊಂಡು ಬರೋರು. ಯಾಕೆ ಅಂತ ಕೂತು ನೋಡಿದರೆ ಮೂರೇ ಸಂಗತಿ. ಒಂದು, ಅವರು ಮಾಡುತ್ತಿದ್ದದ್ದು ಒಂದೇ ಕೆಲಸ, ಹಾಗಾಗಿ ನೆನಪಿಡೋದು ಸುಲಭ. "ಉರ್ದು ಕಾಗದದ ಕಾಕಾ" ಅಂದರೆ ಮುಗೀತು. ಎರಡು, ಬರೆದುಕೊಟ್ಟ ಪ್ರತಿ ಹಾಳೆಯ ಕೆಳಗೆ ಹೆಸರು, ಊರು, ತಾರೀಖು ಹಾಕೋರು. ಆ ಹಾಳೆ ವಕೀಲರ ಮೇಜು ಮುಟ್ಟುತ್ತಿತ್ತು, ಬೀಗರ ಮನೆ ಮುಟ್ಟುತ್ತಿತ್ತು. ಮೂರು, ಅಕ್ಷರ ಅಳಿಸಿ ಹೋಗಿದ್ದರೆ "ಇಷ್ಟು ನನಗ ಓದಾಕ ಬರವಲ್ದು, ಕಲಬುರಗಿಗೆ ಒಯ್ಯಿ" ಅಂತ ಹೇಳಿ ರೊಕ್ಕ ತಗೊಳ್ಳುತ್ತಿರಲಿಲ್ಲ. ಹಂಗೆ ವಾಪಸ್ಸು ಕಳಿಸಿದವನೇ ಮುಂದೆ ನಾಲ್ಕು ಜನರನ್ನು ಕರಕೊಂಡು ಬರೋನು!

ಹೆಸರು ಹಾಕೋ ವಿಷಯ ನಮ್ಮವರಿಗೆ ಹೊಸದಲ್ಲ ನೋಡಿ. ವಚನಕ್ಕೆ ಅಂಕಿತ ಇಲ್ಲವೇ? 'ಕೂಡಲಸಂಗಮದೇವ' ಕಂಡ ಕೂಡಲೇ ಬಸವಣ್ಣ, 'ಶಿಶುನಾಳಾಧೀಶ' ಕೇಳಿದ ಕೂಡಲೇ ಷರೀಫಜ್ಜ. ಅವರು ಗಿರಾಕಿಗೋಸ್ಕರ ಹಾಕಿದ್ದಲ್ಲ, ಅದು ಬೇರೆ ಮಾತು. ಆದರೆ ಬಾಯಿಂದ ಬಾಯಿಗೆ ಹೋದರೂ ಪದದ ಜೊತೆ ಅದು ಯಾರದ್ದು ಅನ್ನೋ ಗುರುತೂ ಹೋಗುತ್ತಿತ್ತು. ನಾವು ದುಡ್ಡಿಗೆ ಬರೆಯೋರು ಮಾತ್ರ ಹೆಸರಿಲ್ಲದ ಕರಪತ್ರ ಬರೆದುಕೊಟ್ಟು, ಕೆಲಸ ಯಾಕೆ ಬರಲಿಲ್ಲ ಅಂತ ಫೋನ್ ನೋಡುತ್ತಾ ಕೂರುತ್ತೀವಿ.

ಇನ್ನೊಬ್ಬರನ್ನು ನೆನೆಯಬೇಕು. ಗಳಗನಾಥರು (1869-1942). ತಮ್ಮ ಪುಸ್ತಕ ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜ. ಅಷ್ಟೇ ನಿಜವಾದ ಇನ್ನೊಂದು ಸಂಗತಿ ಅಂದರೆ, ಅವರ ಕಥೆಗಳು 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯಲ್ಲೂ ಬರುತ್ತಿದ್ದವು. ಪುಸ್ತಕ ಬಾಗಿಲಿಗೆ ಬರುವ ಮೊದಲೇ ಆ ಹೆಸರು ಎಷ್ಟೋ ಮನೆಗಳ ಒಳಗಿತ್ತು. ಬಾಗಿಲು ಬಡಿಯೋ ಅಪರಿಚಿತನಿಗೂ, ಹೆಸರು ಗೊತ್ತಿರೋ ಮನುಷ್ಯ ಬಂದು ನಿಲ್ಲೋದಕ್ಕೂ ಎಷ್ಟು ವ್ಯತ್ಯಾಸ! ಅವರು ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು ಅನ್ನೋದು ಗಡಿಯ ಮೇಲಿರೋ ನನ್ನಂಥವನಿಗೆ ಇನ್ನೊಂದು ಧೈರ್ಯ.

ಇನ್ನು ನನ್ನ ಕಥೆ.

ಪುಣೆಯಿಂದ ಊರಿಗೆ ಬಂದ ಹೊಸದರಲ್ಲಿ ನಾನೂ ಮೇಲ್ ಕಳಿಸುತ್ತಿದ್ದೆ. ನೂರಕ್ಕೆ ಒಂದೋ ಎರಡೋ ಉತ್ತರ. ಆ ಉತ್ತರದಲ್ಲೂ ದರ ಅವರದ್ದೇ, ಗಡುವು ಅವರದ್ದೇ. ಬೆಂಗಳೂರಿನ ಒಂದು ಸಂಸ್ಥೆಯಂತೂ ಮೂರು ತಿಂಗಳ ಅನುವಾದದ ದುಡ್ಡನ್ನು ಹನ್ನೊಂದು ತಿಂಗಳಾದ ಮೇಲೆ, ಅದೂ ಅರ್ಧ ಕೊಟ್ಟಿತು. ಯಾವುದು ಅಂತ ಕೇಳಬೇಡಿ, ಬಿಡಿ.

ದಾರಿ ತಿರುಗಿದ್ದು ತೊಗರಿಯಿಂದ. ಒಂದು ವರ್ಷ ಕಾಯಿಕೊರಕ ಜಾಸ್ತಿ ಇತ್ತು. ಹಂಚಿದ ಕರಪತ್ರದಲ್ಲಿ "ಸಮಗ್ರ ಕೀಟ ನಿರ್ವಹಣಾ ಕ್ರಮಗಳನ್ನು ಅನುಸರಿಸತಕ್ಕದ್ದು" ಅಂತ ಇತ್ತು. ನಮ್ಮ ಓಣಿಯಲ್ಲಿ ಯಾರಿಗೂ ತಿಳಿಯಲಿಲ್ಲ. ನಾನು ಒಂದು ಹಾಳೆ ಬರೆದೆ. ಹೂವು ಬಿಡೋ ಹೊತ್ತಿಗೆ ಬೆಳಿಗ್ಗೆ ಹೊಲದಲ್ಲಿ ಏನು ನೋಡಬೇಕು, ಗಿಡದ ಬುಡಕ್ಕೆ ತಾಡಪತ್ರಿ ಹಾಸಿ ಗಿಡ ಅಲುಗಾಡಿಸಿ ಹುಳ ಉದುರಿಸೋದು ಹೇಗೆ, ಎಣ್ಣೆ ಯಾವಾಗ ಹೊಡೀಬೇಕು, ಯಾವಾಗ ಬೇಡ. ಹುಳ ಉದುರಿಸೋದು ನಾನು ಕಂಡುಹಿಡಿದಿದ್ದಲ್ಲ, ನಮ್ಮ ಜಿಲ್ಲೆಯ ಒಕ್ಕಲಿಗರು ಹಿಂದಿನಿಂದ ಮಾಡಿಕೊಂಡು ಬಂದದ್ದು. ನಾನು ಮಾಡಿದ್ದು, ಅವ್ವನಿಗೆ ಓದಿ ಹೇಳಿ, ಅವಳಿಗೆ ತಿಳಿಯದ ಪದ ಎಲ್ಲಾ ತೆಗೆದದ್ದು. ಕೆಳಗೆ ನನ್ನ ಹೆಸರು, ಸರಸಂಬಾ, ತಾರೀಖು... ಕಾಕಾನ ಹಂಗೇ. ರೇಷನ್ ಅಂಗಡಿಗೆ ಒಂದು ಅಂಟಿಸಿದೆ, ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿದೆ.

ಸುಮಾರು ನಾಲ್ಕು ತಿಂಗಳಾದ ಮೇಲೆ ಅಫಜಲಪುರ ಕಡೆಯಿಂದ ಫೋನ್. "ಆ ತಾಡಪತ್ರಿ ಹಾಳಿ ಬರದವ್ರು ನೀವೇ ಏನ್ರಿ ಸರ? ನಮ್ಮ ಸಂಘಕ್ಕ ಹಿಂಗ ಇನ್ನೂ ಆರು ಬೇಕಾಗ್ಯಾವು." ದರ ಎಷ್ಟು ಅಂತ ಅವರೇ ಕೇಳಿದರು. ಮೊದಲನೇ ಸಲ ದರ ನಾನು ಹೇಳಿದೆ!

ಆ ಆರು ಹಾಳೆಯಿಂದ ಗೊತ್ತಾದ ಇನ್ನೊಂದು ಗುಟ್ಟು, ನಮ್ಮ ಕಡೆ ಬರೆಯೋ ಕೆಲಸ ಇರೋರು ಮೊದಲು ಹೋಗೋದು ಪ್ರೆಸ್ಸಿಗೆ. "ಏನಾರ ಬರದು ಛಾಪಿಸಿ ಕೊಡ್ರಿ" ಅಂತಾರೆ. ಪ್ರೆಸ್ಸಿನವನಿಗೆ ಬರೆಯೋಕೆ ಹೊತ್ತಿಲ್ಲ, ಅವನಿಗೆ ಬೇಕಾದ್ದು ಸಿದ್ಧ ಫೈಲು. ಇಲ್ಲೇ ನುಡಿ ಮತ್ತು ಯೂನಿಕೋಡ್ ಜಗಳ ಬರುತ್ತದೆ. ಎಷ್ಟೋ ಪ್ರೆಸ್ಸುಗಳ ಪುಟವಿನ್ಯಾಸ ಹಳೇ ನುಡಿ ಅಕ್ಷರದಲ್ಲೇ ನಡೆಯುತ್ತದೆ, ಫೋನಿನಲ್ಲಿ ಓದೋರಿಗೆ ಬೇಕಾದ್ದು ಯೂನಿಕೋಡ್. ಬದಲಾಯಿಸುವಾಗ ಒತ್ತಕ್ಷರ ಕೆಡುತ್ತದೆ, ಅರ್ಕಾವತ್ತು ಎಲ್ಲೋ ಹೋಗುತ್ತದೆ. ನಾನು ಎರಡರಲ್ಲೂ ಕೊಡುತ್ತೀನಿ, ಅದೂ ಬದಲಾಯಿಸಿದ ಮೇಲೆ ಸಾಲು ಸಾಲು ಓದಿ ನೋಡಿ. ಇದಕ್ಕೆ ಬೇರೆ ದುಡ್ಡಿಲ್ಲ. ಪ್ರೆಸ್ಸಿನವನಿಗೆ ಒಂದು ರಾತ್ರಿಯ ತಲೆನೋವು ತಪ್ಪಿತು. ಮುಂದಿನ ಗಿರಾಕಿಗೆ ಅವನೇ ನನ್ನ ನಂಬರ್ ಕೊಡುತ್ತಾನೆ. ಸೊಲ್ಲಾಪುರದ ಪಶು ಆಹಾರದ ವ್ಯಾಪಾರಿ ನನಗೆ ಸಿಕ್ಕಿದ್ದೂ ಹಿಂಗೇ, ಅಕ್ಕಲಕೋಟೆಯ ಒಬ್ಬ ಪ್ರೆಸ್ಸಿನವನಿಂದ. ಇಂಗ್ಲಿಷಿನಿಂದ ಕನ್ನಡಕ್ಕೆ ತರೋರು ಸಾವಿರ ಜನ ಇದ್ದಾರೆ. ಮರಾಠಿ ಕರಪತ್ರ ಓದಿ, ಅದನ್ನು ನಮ್ಮ ಕಡೆ ಎಮ್ಮೆ ಕಟ್ಟಿದವಳಿಗೆ ತಿಳಿಯೋ ಕನ್ನಡ ಮಾಡೋರು ಎಷ್ಟು ಜನ? ಗಡಿಯಲ್ಲಿ ಹುಟ್ಟಿದ್ದು ಹಿಂದುಳಿದದ್ದು ಅಂತ ಕೇಳಿಕೊಂಡೇ ಬೆಳೆದೆವು. ನನಗೆ ಅದೇ ಅನ್ನ ಹಾಕಿತು.

ಹಂಚಿದ ಹಾಳೆ ಹರಿದು ಹೋಗುತ್ತದೆ, ಹಾಗಾಗಿ ಹರಿಯದ ಜಾಗದಲ್ಲೂ ಒಂದಿಷ್ಟು ಇಟ್ಟಿದ್ದೀನಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಮಕ್ಕಳ ಕಥೆಗಳನ್ನು ಯಾರು ಬೇಕಾದರೂ ಅನುವಾದ ಮಾಡಬಹುದು, ಅನುವಾದಕರ ಹೆಸರು ಕಥೆಯ ಜೊತೆಗೇ ಇರುತ್ತದೆ. ದುಡ್ಡಿಲ್ಲದ ಕೆಲಸ. ತಿಂಗಳಿಗೆ ಒಂದರಂತೆ ಮರಾಠಿಯಿಂದ ಹನ್ನೆರಡು ಮಾಡಿದೆ, ಅಲ್ಲಿಗೆ ನಿಲ್ಲಿಸಿದೆ. ಅದನ್ನು ಓದಿದ ಒಬ್ಬ ಸಂಪಾದಕರು ಒಂದೂವರೆ ವರ್ಷದ ನಂತರ ಕೆಲಸ ಕೊಟ್ಟರು. ಪುಕ್ಕಟೆ ಕೆಲಸ ಮಾಡೋದಾದರೆ ಎಷ್ಟು ಅಂತ ನೀವೇ ಎಣಿಸಿಕೊಂಡು ಮಾಡಿ, ನಾಲ್ಕು ಜನರ ಕಣ್ಣಿಗೆ ಬೀಳೋ ಕಡೆ ಮಾಡಿ. "ಕನ್ನಡದ ಸೇವೆ ಅಲ್ವಾ ಸಾರ್" ಅಂತ ಹೆಸರೂ ಹಾಕದೆ ಮಾಡಿಸಿಕೊಳ್ಳೋರಿಗೆ ಕೈಮುಗಿದು ಬಿಡಿ.

ದರದ ಮಾತು ತೊಗರಿ ಬೆಳೆಯೋರಿಗೆ ಹೇಳಿಕೊಡಬೇಕಾಗಿಲ್ಲ. ರಾಶಿ ಆದ ಕೂಡಲೇ ಚೀಲ ಹೇರಿಕೊಂಡು ಅಡತಿ ಅಂಗಡಿಗೆ ಹೋದವನು ಅವರು ಹೇಳಿದ ರೇಟಿಗೆ ಕೊಟ್ಟು ಬರುತ್ತಾನೆ. ವ್ಯಾಪಾರಿ ಮನೆಗೆ ಹುಡುಕಿಕೊಂಡು ಬಂದಾಗ ಮಾತೇ ಬೇರೆ. ಬರವಣಿಗೆಯಲ್ಲೂ ಅಷ್ಟೇ. ಹುಡುಕಿ ಬಂದವರ ಹತ್ತಿರ ಅರ್ಧ ಮುಂಗಡ ಕೇಳೋಕೆ ಬಾಯಿ ಬರುತ್ತದೆ, ಅವರೂ ಕೊಡುತ್ತಾರೆ. ಆದರೆ ಮನೆಗೆ ವ್ಯಾಪಾರಿ ಬರೋವರೆಗೆ ಕಾಳು ಹಿಡಿದಿಟ್ಟುಕೊಳ್ಳೋ ಶಕ್ತಿ ಬೇಕು! ಅಳಿಯನಿಗೆ ನಾನು ಹೇಳಿದ ಲೆಕ್ಕ ಇದೇ. ಕೇಳದೆ ಬರೋ ಕೆಲಸದಿಂದ ನನ್ನ ಮನೆ ನಡೆಯೋಕೆ ಎರಡೂವರೆ ವರ್ಷ ಹಿಡಿಯಿತು. ಆ ಎರಡೂವರೆ ವರ್ಷ ಹೊಲ ಇತ್ತು, ಸಂಜೆ ಹೊತ್ತು ಮಕ್ಕಳಿಗೆ ಟ್ಯೂಷನ್ ಹೇಳಿದೆ, ಪ್ರೆಸ್ಸಿನಲ್ಲಿ ಟೈಪು ಮಾಡಿದೆ. ದೀಪಾವಳಿಯೊಳಗೆ ಆಗೋ ಮಾತಲ್ಲ ಅಂತ ಅವರಪ್ಪನ ಎದುರಿಗೇ ಹೇಳಿದ್ದೀನಿ. ಗಡುವು ಎರಡು ವರ್ಷಕ್ಕೆ ಏರಿಸಿ, ಅಲ್ಲಿವರೆಗೆ ಕಲಬುರಗಿಯ ಯಾವುದಾದರೂ ಪ್ರೆಸ್ಸಿನಲ್ಲಿ ಸಂಬಳಕ್ಕೆ ಇರಲಿ ಅಂದೆ. ಭಾವ ಇನ್ನೂ ಹೂಂ ಅಂದಿಲ್ಲ.

ಇನ್ನೊಂದು ಹೇಳದಿದ್ದರೆ ಮೋಸ ಆಗುತ್ತದೆ. ಗೂಗಲ್ ಅನುವಾದಕ್ಕೆ ಕನ್ನಡ ಬಂದದ್ದು 2011ರಲ್ಲಿ, ಸರ್ಕಾರದ ಭಾಷಿಣಿ ಬಂದದ್ದು 2022ರಲ್ಲಿ. ಈಗಂತೂ ಕೇಳಿದರೆ ಸಾಕು, ಯಂತ್ರವೇ ಪ್ರಬಂಧ ಬರೆದುಕೊಡುತ್ತದೆ. ಸಾದಾ ಅನುವಾದ ನನಗೆ ಬರೋದು ಬಹಳ ಕಡಿಮೆ ಆಗಿದೆ. "ಯಂತ್ರ ಮಾಡಿದ್ದು ಸುಮ್ನೆ ಒಮ್ಮೆ ನೋಡಿಕೊಡಿ" ಅಂತ ಕಾಲುಭಾಗ ದರಕ್ಕೆ ಕೇಳುತ್ತಾರೆ. ಉಳಿದಿರೋದು ಯಾವುದು ಅಂದರೆ, ಇದು ಇಂಥವನೇ ಬರೆಯಬೇಕು ಅಂತ ಕೇಳಿಕೊಂಡು ಬರೋ ಕೆಲಸ. 2022ರ ಕೊನೆಗೆ ನೆಟೆ ರೋಗ ಬಂದು ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತಲ್ಲ, ಆಗ ಬಂದ ಫೋನುಗಳನ್ನು ಮರೆಯೋಕಾಗಲ್ಲ. ಬೀಜೋಪಚಾರದ ಬಗ್ಗೆ, ಟಿಎಸ್-3ಆರ್‌ನಂಥ ತಳಿ ಬಗ್ಗೆ ಓದೋಕೆ ಸಿಗೋದು ಬೇಕಾದಷ್ಟಿತ್ತು. ಅವರಿಗೆ ಬೇಕಿದ್ದದ್ದು, ಬೆಳೆ ಕಳೆದುಕೊಂಡವನ ಹತ್ತಿರ ಹೆಂಗೆ ಮಾತಾಡಬೇಕು ಅಂತ ಗೊತ್ತಿರೋ ಬರಹ. ನನ್ನ ಹೊಲವೂ ಆ ವರ್ಷ ಅರ್ಧ ಹೋಗಿತ್ತು.

ಕೊನೆಗೆ ಮುಯ್ಯಿ. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗ್ತೀವಲ್ಲ, ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ನನಗೆ ಕೋರ್ಟು ಕಾಗದದ ಅನುವಾದ ಬಂದರೆ ಅದರಲ್ಲಿ ಪಳಗಿದ ಧಾರವಾಡದ ಗೆಳತಿಯೊಬ್ಬರಿಗೆ ಕಳಿಸುತ್ತೀನಿ, ಕಮಿಷನ್ ಇಲ್ಲ. ಅವರಿಗೆ ಮರಾಠಿ ಬಂದರೆ ನನಗೆ ಬರುತ್ತದೆ. ಹಿಂಗೆ ಐದು ಜನ ಇದ್ದೀವಿ. ಕಳೆದ ವರ್ಷ ನನ್ನ ಗಳಿಕೆಯಲ್ಲಿ ಹತ್ತಿರ ಹತ್ತಿರ ಅರ್ಧ ಈ ಐವರಿಂದಲೇ ಬಂತು.

ಊರಲ್ಲೇ ಇದ್ದು ಬರೆಯಬೇಕು ಅನ್ನೋರು ಇದ್ದರೆ ಈ ವಾರ ಒಂದು ಕೆಲಸ ಮಾಡಿ. ನಿಮ್ಮೂರಿನವರು ದಿನಾ ಎಡವೋ ಒಂದು ಕಾಗದ ಹುಡುಕಿ. ಬೆಳೆ ವಿಮೆಯ ಅರ್ಜಿ ಇರಬಹುದು, ಔಷಧದ ಚೀಟಿ ಇರಬಹುದು. ಅದನ್ನು ನಿಮ್ಮ ಅವ್ವನಿಗೆ ತಿಳಿಯೋ ಹಂಗೆ ಒಂದು ಪುಟ ಬರೆಯಿರಿ. ಕೆಳಗೆ ಹೆಸರು, ಊರು, ತಾರೀಖು ಮರೀಬೇಡಿ.

ಮರಾಠಿ ಜೊತೆ ತೆಲುಗೂ ಬಲ್ಲವರು ಯಾರಾದರೂ ಇದ್ದರೆ ತಿಳಿಸಿ, ನಮ್ಮ ಮುಯ್ಯಿಗೆ ಆರನೆಯವರು ಬೇಕಾಗಿದ್ದಾರೆ :)