ದಿಂಬಂ ಘಾಟಿಯೂ ಎಣ್ಣೆ ಒಸರುವ ಬುಲೆಟ್ಟೂ

ಸತ್ಯಮಂಗಲದಿಂದ ಬಡಗಣಕ್ಕೆ ಹೊರಟ ವಾಹನಗಳೆಲ್ಲ ಬಣ್ಣಾರಿಯಮ್ಮನ ಗುಡಿಯ ಬಳಿ ಒಮ್ಮೆ ನಿಧಾನಿಸುತ್ತವೆ. ಚಾಲಕರು ಇಳಿದು ಕೈಮುಗಿಯುತ್ತಾರೆ. ಕೆಲವರು ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ಅಲ್ಲಿಂದ ಮುಂದೆ ದಿಂಬಂ ಘಾಟಿ. ಮೊದಲು 209 ಎಂಬ ಸಂಖ್ಯೆ ಹೊತ್ತಿದ್ದ, ಈಗ 948 ಎನಿಸಿರುವ ರಾಷ್ಟ್ರೀಯ ಹೆದ್ದಾರಿ 27 ಕಡಿದಾದ ತಿರುವುಗಳಲ್ಲಿ ಬಳುಕಿ ಸುಮಾರು 1100 ಮೀಟರ್ ಎತ್ತರದ ನೆತ್ತಿಯನ್ನು ಮುಟ್ಟುತ್ತದೆ. ಕೆಳಗೆ ಬಿಸಿಲಿನ ಬಯಲು, ಮೇಲೆ ಬಿದಿರಿನ ತಂಗಾಳಿ. ಹಾಸನೂರಿನ ಕಡೆಗೆ ಸಾಗಿದರೆ ಕಬ್ಬಿನ ಲಾರಿಗಾಗಿ ರಸ್ತೆಯ ಬದಿಯಲ್ಲಿ ಸುಂಕದವರಂತೆ ಕಾಯುವ ಆನೆಗಳೂ ಕಂಡಾವು.

ಘಾಟಿ ಏರಿದವರ ಕಿವಿಗೆ ಕನ್ನಡ ಬೀಳತೊಡಗುತ್ತದೆ. ದಿಂಬಂನಿಂದ ತಲಮಲೆಯ ಕಾಡಿನೊಳಗೆ ಹಾದುಹೋಗುವ ದಾರಿ ತಾಳವಾಡಿಯನ್ನು ಸೇರುತ್ತದೆ. ಟೊಮೇಟೊ, ಕೋಸು, ಚೆಂಡುಹೂ ಬೆಳೆಯುವ ಸೀಮೆ ಅದು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಹೊಸದಾಗಿ ಎಳೆದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. ಹೊರಗಿನವರು ಈ ಊರನ್ನು ರಾಜಕುಮಾರರ ಗಾಜನೂರಿನ ನೆರೆಯೂರೆಂದು ಮಾತ್ರ ಬಲ್ಲರು. ಇಲ್ಲಿಯವರ ನಿತ್ಯದ ಬದುಕಿನಲ್ಲಿ ಗಾಜನೂರಿಗಿಂತ ದೊಡ್ಡ ಸಂಗತಿ ಘಾಟಿ. ದೊಡ್ಡ ಆಸ್ಪತ್ರೆ, ಜಿಲ್ಲಾ ಕಚೇರಿ ಎಲ್ಲವೂ ಅದರ ಬುಡದಾಚೆಗೆ ಇವೆ.

ಅಂಗಡಿ ಬೀದಿ ಮುಗಿಯುವಲ್ಲಿ, ಹೊಂಗೆಯ ನೆರಳಿನಲ್ಲಿ, ತಗಡು ಹೊದಿಸಿದ ಒಂದು ವರ್ಕ್‌ಶಾಪು ಇದೆ. ಫಲಕವಿಲ್ಲ. ಮುಂದೆ ಯಾವಾಗಲೂ ಒಂದೆರಡು ಹಳೆಯ ಬುಲೆಟ್ಟುಗಳು ನಿಂತಿರುವುದೇ ಗುರುತು. ಇಂಗ್ಲೆಂಡಿನ ರೆಡಿಚ್ ಊರಿನ ರಾಯಲ್ ಎನ್‌ಫೀಲ್ಡ್ ಕಂಪನಿ 1955ರಲ್ಲಿ ಮದ್ರಾಸ್ ಮೋಟರ್ಸ್ ಜೊತೆಗೂಡಿದ ಮೇಲೆ ತಿರುವೊಟ್ಟಿಯೂರಿನ ಕಾರ್ಖಾನೆಯಿಂದ ಹೊರಬಂದ ಈ ಗಾಡಿ, ತವರಿನಲ್ಲಿ ತಯಾರಿಕೆ ನಿಂತ ಬಳಿಕವೂ ಇಲ್ಲಿ ಮುಂದುವರಿಯಿತು. 70 ಮಿಲಿಮೀಟರ್ ಅಗಲದ ಬೋರ್, 90 ಮಿಲಿಮೀಟರ್ ಪಿಸ್ಟನ್ ಓಟ, 346 ಸಿ.ಸಿ.; ಎರಕದ ಕಬ್ಬಿಣದ ಬ್ಲಾಕು, ಅದರ ಮೇಲೆ ಅಲ್ಯೂಮಿನಿಯಂ ಹೆಡ್ಡು. ಅದರ ಕೀರ್ತಿಯೊಡನೆ ಒಂದು ಅಪಕೀರ್ತಿಯೂ ಅಂಟಿಕೊಂಡು ಬಂದಿದೆ: ನಿಂತಲ್ಲೆಲ್ಲ ಎಣ್ಣೆಯ ಬೊಟ್ಟು ಇಡುತ್ತದೆ ಎಂಬುದು.

ಕಾಡಂಚಿನ ಕನ್ನಡ ಶಾಲೆಯೊಂದರ ಮೇಷ್ಟ್ರು ಜೂನ್ ತಿಂಗಳ ಒಂದು ಶನಿವಾರ ತಮ್ಮ ತಂದೆಯ ಕಾಲದ ಬುಲೆಟ್ಟನ್ನು ತಳ್ಳಿಕೊಂಡು ಅಲ್ಲಿಗೆ ಬಂದರು. ಜೊತೆಯಲ್ಲಿ ಒಂಬತ್ತನೆಯ ತರಗತಿಯ ಮಗಳು. ಆಕೆಯ ಮೊಣಕೈಗೆ ಬ್ಯಾಂಡೇಜು ಇತ್ತು. ಹಿಂದಿನ ವಾರ ಘಾಟಿ ಇಳಿಯುವಾಗ ಎಂಜಿನ್ನಿನಿಂದ ಒಸರಿದ ಎಣ್ಣೆ ಗಾಳಿಗೆ ಹಿಂದಕ್ಕೆ ಹಾರಿ ಟೈರಿಗೆ ತಗುಲಿತ್ತು. ಒಂದು ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು. ಎದುರಿನಿಂದ ಲಾರಿ ಬರುತ್ತಿರಲಿಲ್ಲ, ಅಷ್ಟೇ ಪುಣ್ಯ. ಗಾಡಿಯನ್ನು ಮಾರಿಬಿಡಿ ಎಂದು ಮನೆಯಾಕೆ ಹೇಳಿದ್ದರು. ಕೊಯಮತ್ತೂರಿನಿಂದ ಒಬ್ಬರು ಬೆಲೆಯನ್ನೂ ಕೇಳಿ ಹೋಗಿದ್ದರು.

ಮೇಷ್ಟ್ರಿಗೆ ಬೇಕಾದದ್ದು ಎಲ್ಲ ಕಡೆಗೂ ಹೊಸ ಪ್ಯಾಕಿಂಗು. ಪುಸ್ತಕದ ಗ್ಯಾಸ್ಕೆಟ್ ನಮ್ಮ ವರ್ಕ್‌ಶಾಪುಗಳಲ್ಲಿ ಪ್ಯಾಕಿಂಗ್ ಎಂದೇ ಹೆಸರು ಪಡೆದಿದೆ. ಎರಡು ಲೋಹದ ಮೈಗಳು ಕೂಡುವಲ್ಲಿ ಸಂದು ಉಳಿಯದಂತೆ ನಡುವೆ ಇಡುವ ಕಾಗದ, ಬೆಂಡು, ರಬ್ಬರು ಅಥವಾ ತಾಮ್ರದ ಹಾಳೆ ಅದು. ಮೆಕ್ಯಾನಿಕ್ ಅರವತ್ತು ದಾಟಿದವರು. ಗಾಡಿಯ ಸುತ್ತ ಒಂದು ಸುತ್ತು ಬಂದು, ಎಡಗಡೆಯ ಒಂದು ರಬ್ಬರ್ ಕೊಳವೆಯನ್ನು ಹಿಡಿದೆತ್ತಿದರು. ಅದರ ಬಾಯಿಗೆ ಯಾರೋ ಒಂದು ಬೋಲ್ಟು ತುರುಕಿದ್ದರು.

“ಹೊಸ ಪ್ಯಾಕಿಂಗು ಹಾಕುದ್ರ ನಾಳೆಕ ಮತ್ತ ಒಸರ್ತದ ಮೇಷ್ಟ್ರೆ. ಉಸ್ರು ಕಟ್ಟೋಗದ ಇದ್ಕ. ಮೊದ್ಲು ಉಸ್ರು ಬುಡುಸ್ಬೇಕು.”

ಆ ಬೋಲ್ಟಿನ ಕಥೆ ಬೇಸಿಗೆ ರಜೆಯಿಂದ ಆರಂಭವಾಗುತ್ತದೆ. ಈ ಬಗೆಯ ಬುಲೆಟ್ಟಿನಲ್ಲಿ ಸುಮಾರು ಎರಡೂಕಾಲು ಲೀಟರ್ ಎಣ್ಣೆ ಎಂಜಿನ್ನಿನ ಹಿಂಬದಿಯ ಪ್ರತ್ಯೇಕ ಗೂಡಿನಲ್ಲಿ ಇರುತ್ತದೆ. ಒಂದು ಪಂಪು ಅದನ್ನು ಒಳಗೆ ಕಳಿಸುತ್ತದೆ, ಇನ್ನೊಂದು ತಳದಲ್ಲಿ ಕೂಡಿದ್ದನ್ನು ಮರಳಿ ಗೂಡಿಗೆ ಒಯ್ಯುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ಎಣ್ಣೆ ಸವೆದ ಪಂಪಿನ ಸಂದಿನಲ್ಲಿ ಹನಿಹನಿಯಾಗಿ ಇಳಿದು ಕ್ರ್ಯಾಂಕಿನ ತಳದಲ್ಲಿ ತುಂಬುತ್ತದೆ. ಶಾಲೆ ತೆರೆಯುವ ಮುನ್ನಾದಿನ ಮೇಷ್ಟ್ರು ಅಳತೆಕಡ್ಡಿ ಎತ್ತಿ ನೋಡಿದಾಗ ಗೂಡು ಬರಿದಾಗಿತ್ತು. ಎಣ್ಣೆ ಕಡಿಮೆಯಾಗಿದೆ ಎಂದುಕೊಂಡು ಒಂದು ಲೀಟರ್ ಸುರಿದರು. ಕಿಕ್ಕರ್ ಹೊಡೆದದ್ದೇ ತಡ, ಹೆಚ್ಚಾದ ಎಣ್ಣೆ ಉಸಿರುಕೊಳವೆಯಿಂದ ಹೊರಗೆ ಉಕ್ಕಿತು. ಕೆಳಗಿನ ಊರಿನ ಅವಸರದ ರಿಪೇರಿಯವನೊಬ್ಬ ಎಣ್ಣೆ ಬರುತ್ತಿದ್ದ ಬಾಯಿಯನ್ನೇ ಮುಚ್ಚಿ ಕೈ ತೊಳೆದುಕೊಂಡ.

ಪಿಸ್ಟನ್ ಕೆಳಗಿಳಿದಾಗಲೆಲ್ಲ ಅದರಡಿಯ ಗಾಳಿ ಒತ್ತಲ್ಪಡುತ್ತದೆ. ರಿಂಗುಗಳ ಪಕ್ಕದಿಂದ ನುಸುಳಿದ ಹೊಗೆಯೂ ಅದರೊಡನೆ ಸೇರುತ್ತದೆ. ಅವೆರಡೂ ಹೊರಬೀಳಲೆಂದೇ ಉಸಿರುಕೊಳವೆ ಇದೆ. ಹೊರಗಿನ ಗಾಳಿ ಮರಳಿ ಒಳನುಗ್ಗದಂತೆ ಬಾತುಕೋಳಿಯ ಕೊಕ್ಕಿನಂಥ ಒಂದು ರಬ್ಬರ್ ತುಂಡು ಅದಕ್ಕೆ ಕಾವಲು. ಬಾಯಿ ಮುಚ್ಚಿದರೆ ಒತ್ತಡ ಎಲ್ಲಿಗೆ ಹೋಗಬೇಕು? ಎಲ್ಲಿ ಸಂದು ಸಿಕ್ಕಿತೋ ಅಲ್ಲಿಂದ ಎಣ್ಣೆಯನ್ನು ತಳ್ಳುತ್ತದೆ. ಸಮತಟ್ಟಿನ ಊರಿನಲ್ಲಿ ಈ ತಪ್ಪು ಕೆಲವು ದಿನ ಮರೆಯಾಗಿ ಉಳಿಯಬಹುದಿತ್ತು. ಘಾಟಿ ಅದಕ್ಕೆ ಎಡೆಗೊಡಲಿಲ್ಲ. ಕೆಳ ಗೇರಿನಲ್ಲಿ ಎಂಜಿನ್ ಜೋರಾಗಿ ದುಡಿಯುತ್ತದೆ, ಗಾಡಿಯ ವೇಗ ಕಡಿಮೆಯಾದ್ದರಿಂದ ತಂಪು ಗಾಳಿ ಸಾಲದು, ಕಾದ ಎಣ್ಣೆ ನೀರಿನಂತಾಗುತ್ತದೆ.

ಮೆಕ್ಯಾನಿಕ್ ತಳದ ಬೋಲ್ಟು ಬಿಚ್ಚಿ ತುಂಬಿದ್ದ ಎಣ್ಣೆಯನ್ನು ಬಸಿದರು, ಗೂಡಿನಲ್ಲಿ ಅಳತೆಗೆ ತಕ್ಕಷ್ಟು ಎಣ್ಣೆ ಹಾಕಿದರು, ಸೀಮೆಎಣ್ಣೆಯಿಂದ ಎಂಜಿನ್ನನ್ನು ತೊಳೆದು ಒರೆಸಿದರು. ಅನಂತರ ಮೇಷ್ಟ್ರ ಮುಂದೆ ಕೈಚಾಚಿದರು: “ಜೇಬಲ್ಲಿ ಸೀಮೆಸುಣ್ಣ ಅದಾ?”

ಇತ್ತು. ಮೇಷ್ಟ್ರ ಜೇಬಿನಲ್ಲಿ ಅದಲ್ಲದೆ ಇನ್ನೇನಿರಬೇಕು! ಮಗಳು ಅದನ್ನು ಕಲ್ಲಿನ ಮೇಲೆ ಅರೆದು ನಯವಾಗಿ ಪುಡಿ ಮಾಡಿದಳು. ಒಣಗಿದ ಎಂಜಿನ್ನಿನ ಕೂಡುಗೆರೆಗಳ ಮೇಲೆ ಪುಡಿಯನ್ನು ಉದುರಿಸಿ ಗಾಡಿಯನ್ನು ಚಾಲೂ ಮಾಡಲಾಯಿತು. ತುಸು ಹೊತ್ತಿಗೆ ಬೆಳ್ಳಗಿನ ಪುಡಿಯಲ್ಲಿ ಕಪ್ಪು ಗೆರೆಗಳು ಮೂಡಿದವು: ರಾಕರ್ ಬಾಕ್ಸಿನ ಮುಚ್ಚಳ, ಟೈಮಿಂಗ್ ಕವರು, ಬ್ಲಾಕಿನ ಬುಡದ ಟ್ಯಾಪೆಟ್ ಬಾಗಿಲು, ಹೆಡ್ಡಿನ ಸಂದು. ಒಸರುವಿಕೆ ಹುಟ್ಟುವುದು ಒಂದೆಡೆ, ಕಾಣುವುದು ಇನ್ನೊಂದೆಡೆ. ಗಾಳಿಗೆ ಎಣ್ಣೆ ಹರಡಿ ಕೆಳಗಿನ ನಿರಪರಾಧಿ ಕವರಿಗೆ ಅಪವಾದ ಬರುತ್ತದೆ. ಸೀಮೆಸುಣ್ಣ ಮೂಲವನ್ನೇ ತೋರಿಸುತ್ತದೆ.

ಮೆಕ್ಯಾನಿಕ್ ಬೋಲ್ಟನ್ನು ಕಿತ್ತರು. ಕಲ್ಲಿನಂತೆ ಗಡುಸಾಗಿ ಬಾಯಿ ಕಚ್ಚಿದ್ದ ರಬ್ಬರ್ ಕೊಕ್ಕನ್ನು ಬದಲಾಯಿಸಿ, ಮತ್ತೆ ತೊಳೆದು, ಮತ್ತೆ ಪುಡಿ ಹಾಕಿದರು. ಈ ಸಲ ರಾಕರ್ ಮುಚ್ಚಳವೂ ಟೈಮಿಂಗ್ ಕವರೂ ಬೆಳ್ಳಗೇ ಉಳಿದವು. ಅವುಗಳ ಪ್ಯಾಕಿಂಗು ಹಳೆಯದೇ! ಉಳಿದ ಎರಡು ಕಡೆ ಮಾತ್ರ ಗೆರೆ ಮೂಡಿತು.

ಟ್ಯಾಪೆಟ್ ಬಾಗಿಲು ಅಂಗೈಗಿಂತ ಚಿಕ್ಕದು, ನಡುವೆ ಒಂದೇ ನಟ್ಟು. ಒಸರುತ್ತದೆಂದು ಅದನ್ನು ಬಿಗಿದಷ್ಟೂ ನಡು ಒಳಕ್ಕೆ ಕುಗ್ಗಿ ಅಂಚು ಹೊರಕ್ಕೆ ಬಾಗುತ್ತದೆ. ಇನ್ನಷ್ಟು ಒಸರುತ್ತದೆ, ಇನ್ನಷ್ಟು ಬಿಗಿಯುತ್ತಾರೆ. ಮೆಕ್ಯಾನಿಕ್ ದಪ್ಪ ಗಾಜಿನ ಮೇಲೆ ನಯವಾದ ಎಮರಿ ಕಾಗದ ಹಾಸಿ, ನಾಲ್ಕು ಹನಿ ಸೀಮೆಎಣ್ಣೆ ಬಿಟ್ಟು, ಬಾಗಿಲನ್ನು ಅದರ ಮೇಲೆ ಇಂಗ್ಲಿಷ್ 8ರ ಆಕಾರದಲ್ಲಿ ಉಜ್ಜಿದರು. ನೇರವಾಗಿ ಉಜ್ಜಿದರೆ ಒಂದು ಅಂಚೇ ಹೆಚ್ಚು ಸವೆಯುತ್ತದೆ. ಮೊದಲು ಉಬ್ಬಿದ ಕಡೆಗಳು ಮಾತ್ರ ಹೊಳೆದವು. ಅರ್ಧ ಗಂಟೆಯಲ್ಲಿ ಸುತ್ತಲ ಅಂಚೆಲ್ಲ ಒಂದೇ ಬಣ್ಣಕ್ಕೆ ಬಂತು. ಪ್ಯಾಕಿಂಗ್ ಹಾಳೆಯನ್ನು ಕತ್ತರಿಸುವ ಕೆಲಸ ಹುಡುಗಿಯದು. ಬಾಗಿಲಿನ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದು, ನಟ್ಟಿನ ಕಿಂಡಿಯ ನಡುವನ್ನು ಕೈವಾರದಿಂದ ಗುರುತಿಸಿ ಕತ್ತರಿಸಿದಳು. ಮೊದಲನೆಯದು ತುಸು ಗಿಡ್ಡವಾಯಿತು. ಎರಡನೆಯದು ಸರಿಹೋಯಿತು.

ಹೆಡ್ಡಿನ ಕೆಲಸ ಅಷ್ಟು ಸುಲಭದ್ದಲ್ಲ. ಈ ಎಂಜಿನ್ನಿನಲ್ಲಿ ಪುಶ್‌ರಾಡುಗಳ ಸುರಂಗ ಬ್ಲಾಕಿನ ಎರಕದೊಳಗೇ ಇದೆ. ರಾಕರಿನಿಂದ ಇಳಿಯುವ ಎಣ್ಣೆ ಅಲ್ಲಿಂದಲೇ ಕೆಳಗೆ ಹರಿಯಬೇಕು. ಆದುದರಿಂದ ಹೆಡ್ಡಿನ ಪ್ಯಾಕಿಂಗು ಉರಿಯುವ ಅನಿಲವನ್ನೂ ಹರಿಯುವ ಎಣ್ಣೆಯನ್ನೂ ಒಟ್ಟಿಗೇ ತಡೆಯಬೇಕಾಗುತ್ತದೆ. ಕಾದಾಗ ಅಲ್ಯೂಮಿನಿಯಂ ಕಬ್ಬಿಣದ ಸರಿಸುಮಾರು ಎರಡರಷ್ಟು ಹಿಗ್ಗುತ್ತದೆ ಎಂಬುದೂ ಅದಕ್ಕೆ ಇನ್ನೊಂದು ಹೊರೆ. ಹೆಡ್ಡನ್ನು ಎತ್ತಿದಾಗ ಸುರಂಗದ ಪಕ್ಕದಲ್ಲಿ ಸ್ಕ್ರೂಡ್ರೈವರಿನ ಗೀರುಗಳು ಕಂಡವು. ಹಿಂದೊಮ್ಮೆ ಹಳೆಯ ಅಂಟನ್ನು ಕೆರೆದವರ ಕೈಬರಹ ಅದು. ಮೆದು ಲೋಹದ ಮೇಲಿನ ಗೀರು ಎಣ್ಣೆಗೆ ಕಾಲುವೆಯಾಗಿತ್ತು. ಮೆಕ್ಯಾನಿಕ್ ಉಳಿದ ಅಂಟನ್ನು ಬಿದಿರಿನ ಸೀಳಿನಿಂದ ಎಬ್ಬಿಸಿ, ಗೀರಿನ ಏಣುಗಳನ್ನು ಸಣ್ಣ ಸಾಣೆಕಲ್ಲಿನಿಂದ ಹದವಾಗಿ ತೀಡಿದರು.

ಅಂಟಿನ ಬಗ್ಗೆ ಎಲ್ಲ ಊರುಗಳಲ್ಲೂ ಒಂದು ಭ್ರಮೆ ಇದೆ. ಟ್ಯೂಬಿನಲ್ಲಿ ಬರುವ ಸಿಲಿಕಾನನ್ನು ರೊಟ್ಟಿಗೆ ಬೆಣ್ಣೆ ಬಳಿದಂತೆ ಬಳಿದರೆ ಹೊರಗೆ ಉಬ್ಬಿದ್ದು ಕಣ್ಣಿಗೆ ತೃಪ್ತಿ ಕೊಡುತ್ತದೆ. ಅಷ್ಟೇ ಒಳಗೂ ಉಬ್ಬಿರುತ್ತದೆ, ಅದು ಕಳಚಿ ಎಣ್ಣೆಯ ದಾರಿಗೆ ಅಡ್ಡ ನಿಂತರೆ ಒಸರುವ ಎಂಜಿನ್ನು ಕಚ್ಚಿಕೊಂಡ ಎಂಜಿನ್ನಾಗುತ್ತದೆ. ಈ ಅಂಗಡಿಯಲ್ಲೂ ಟ್ಯೂಬು ಇದೆ. ಬೆರಳಿಗೆ ತೇವ ಅನಿಸುವಷ್ಟು ಮಾತ್ರ ಬಳಕೆ, ಅದೂ ಎಲ್ಲ ಕಡೆಗೆ ಅಲ್ಲ.

ಹೆಡ್ಡನ್ನು ಕೂರಿಸಿ, ನಟ್ಟುಗಳನ್ನು ಎದುರುಬದುರಾಗಿ, ಒಂದೊಂದಕ್ಕೂ ಸ್ವಲ್ಪಸ್ವಲ್ಪವೇ ತಿರುವು ಕೊಟ್ಟು ಬಿಗಿಯುವಷ್ಟರಲ್ಲಿ ಸಂಜೆಯಾಯಿತು. ಹೆಡ್ಡು ಕುಳಿತ ಮೇಲೆ ಪುಶ್‌ರಾಡುಗಳ ಹೊಂದಾಣಿಕೆ: ಬೆರಳಿನಿಂದ ಹೊರಳಿಸಿದರೆ ತಡೆಯಿಲ್ಲದೆ ಹೊರಳಬೇಕು, ಮೇಲೆಕೆಳಗೆ ಅಲುಗಬಾರದು. ಹುಡುಗಿ ಎರಡನ್ನೂ ಹೊರಳಿಸಿ ನೋಡಿ “ಸರಿಯಾಗಿದೆ ಮಾವ” ಎಂದಳು. ಮೆಕ್ಯಾನಿಕ್ ಮತ್ತೊಮ್ಮೆ ತಾವೂ ಹೊರಳಿಸಿ ನೋಡಿದರು. ಹಿಂದಿನ ಟೈರನ್ನು ಸೋಪಿನ ನೀರಿನಿಂದ ಎರಡು ಸಲ ಉಜ್ಜಿಸಿದರು.

ಮರುದಿನ ಭಾನುವಾರ ಮೇಷ್ಟ್ರೊಬ್ಬರೇ ತಲಮಲೆಯ ಮಾರ್ಗವಾಗಿ ಹೊರಟು ದಿಂಬಂ ಇಳಿದು, ಬಣ್ಣಾರಿಯಲ್ಲಿ ಚಹಾ ಕುಡಿದು, 27 ತಿರುವುಗಳನ್ನೂ ಏರಿ ಬಂದರು. ಹೊಂಗೆಯ ನೆರಳಿನಲ್ಲಿ ಗಾಡಿಯಡಿಗೆ ಹಳೆಯ ದಿನಪತ್ರಿಕೆಯ ಹಾಳೆ ಹಾಸಿ ಒಂದು ಗಂಟೆ ಕಾದರು. ಟ್ಯಾಪೆಟ್ ಬಾಗಿಲು ಒಣಗಿತ್ತು, ಹೆಡ್ಡಿನ ಸಂದಿನಲ್ಲಿ ಸೀಮೆಸುಣ್ಣ ಬೆಳ್ಳಗೆ ಉಳಿದಿತ್ತು. ಉಸಿರುಕೊಳವೆಯ ಬಾಯಿಂದ ಮಾತ್ರ ಹಾಳೆಯ ಮೇಲೆ ಒಂದು ಹನಿ ಬಿದ್ದಿತು.

“ಇದ್ನೂ ನಿಲ್ಸಬೌದಾ ಅಣ್ಣ?”

“ಅದ್ನ ಮುಟ್ಬ್ಯಾಡಿ. ಐನೂರು ಕಿಲೋಮೀಟ್ರು ಆದ್ಮೇಲ ಬನ್ನಿ, ತಣ್ಗಿರೋವಾಗ ಹೆಡ್ಡು ಒಂದ್ಸಲ ಬಿಗಿಬೇಕು.”

ಮೇಷ್ಟ್ರು ಮನೆಗೆ ಹೋದವರೇ ಮೀಟರಿನ ಅಂಕಿಗೆ 500 ಕೂಡಿಸಿ, ಗಾಡಿ ನಿಲ್ಲಿಸುವ ಕೊಟ್ಟಿಗೆಯ ಬಾಗಿಲಿನ ಮೇಲೆ ಸೀಮೆಸುಣ್ಣದಿಂದ ಬರೆದರು. ಸೋಮವಾರ ಬೆಳಗ್ಗೆ ಮಗಳು ಹಿಂದಿನ ಸೀಟಿನಲ್ಲಿ ಕುಳಿತಳು. ಮನೆಯಾಕೆ ಹೊರಗೆ ಬಂದು, ಏನೂ ಹೇಳದೆ, ಬಗ್ಗಿ ಹಿಂದಿನ ಟೈರನ್ನು ಕೈಯಿಂದ ಒಮ್ಮೆ ಸವರಿ ನೋಡಿದರು.